ಪೆಟ್ರೋಲ್ ಇದೆಯಾ?

ಸೂಜಿಯಕ್ಕನನ್ನು ಕೆರಳಿಸಲು ಹೆಚ್ಚೇನೂ ಕಷ್ಟಪಡಬೇಕಿರಲಿಲ್ಲ. ಕೆಟ್ಟು ನಿಂತ ಅವಳ ಮೋಟಾರ್‌ಸೈಕಲ್ ಪಕ್ಕಕ್ಕೆ ಬಂದು, ಸೊಂಟದ ಮೇಲೆ ಕೈಯಿಟ್ಟುಕೊಂಡು, "ಪೆಟ್ರೋಲ್ ಇದೆಯಾ?" ಎಂದು ಕೇಳಿದರೆ ಸಾಕಿತ್ತು. ಆ ಮಳೆಗಾಲದಲ್ಲಿ ಅವಳನ್ನು ಹಾಗೆ ಕೇಳದವರೇ ಇರಲಿಲ್ಲ. ಪೇಪರ್ ಅಂಗಡಿಯವನು ಕೇಳಿದ, ಬಸ್ಸಿಗೆ ಕಾಯುತ್ತಿದ್ದವನು ಕೇಳಿದ, ಹಲ್ಲುಜ್ಜುತ್ತ ಗೇಟಿಗೆ ಬಂದವನೊಬ್ಬ ಬಾಯಲ್ಲಿ ನೊರೆ ಇಟ್ಟುಕೊಂಡೇ ಕೇಳಿದ. ಬೆಳಗಾಗುವ ಮೊದಲೇ ಬಂಕಿಗೆ ಹೋಗಿ, ಕಣ್ಣೆದುರಿಗೇ ಟ್ಯಾಂಕ್ ತುಂಬಿಸಿಕೊಂಡು ಬಂದವಳಿಗೆ ಮೈ ಉರಿಯದೆ ಇನ್ನೇನಾಗಬೇಕು?

ಇದೆ ಎಂದರೂ ಅವರು ನಂಬುತ್ತಿರಲಿಲ್ಲ, ಅದು ಇನ್ನೊಂದು ಉರಿ. ಟ್ಯಾಂಕಿನ ಕೀ ಕೊಡಿ ಎಂದು ಕೈಚಾಚಿ, ಮುಚ್ಚಳ ತೆಗೆದು, ಟ್ಯಾಂಕಿನೊಳಗೆ ಬಗ್ಗಿ ನೋಡಿ, ಹೌದಲ್ಲ ಇದೆಯಲ್ಲ ಎಂದು ತಾವೇ ಪತ್ತೆ ಹಚ್ಚಿದವರಂತೆ ತಲೆಯಾಡಿಸುತ್ತಿದ್ದರು. ಆಮೇಲೆ ಮುಚ್ಚಳ ಹಾಕಿ ಎರಡು ಸಲ ಕಿಕ್ ಹೊಡೆದರೆ, ಅವಳ ಕಾಲಿಗೆ ಅರ್ಧ ಗಂಟೆ ಜಗ್ಗದೆ ನಿಂತ ಗಾಡಿ ಅವರ ಕಾಲಿಗೆ ಗುಡುಗುಟ್ಟಿ ಎದ್ದುಬಿಡುತ್ತಿತ್ತು. ಆಗ ಅವರ ಮುಖದ ಮೇಲೆ ಮೂಡುತ್ತಿದ್ದ ನಗೆಯನ್ನು ನೋಡಬೇಕಿತ್ತು. ಪೆಟ್ಟಿಗೆಯಲ್ಲಿರುವ ಸೂಜಿ ರಕ್ತ ತೆಗೆಯುವುದಕ್ಕೆ ಮಾತ್ರ ಎಂದು ಅವಳು ತನಗೇ ಹೇಳಿಕೊಳ್ಳಬೇಕಾಗುತ್ತಿತ್ತು.

ರಕ್ತ ತೆಗೆಯುವುದೇ ಅವಳ ಕೆಲಸ. ಲ್ಯಾಬಿನ ಪರವಾಗಿ ಮನೆಮನೆಗೆ ಹೋಗಿ, ಹಾಸಿಗೆ ಬಿಟ್ಟೇಳಲಾಗದವರ ತೋಳಿಗೆ ಪಟ್ಟಿ ಬಿಗಿದು, ನರ ಹುಡುಕಿ, ಕೆಂಪು ಮುಚ್ಚಳದ ಟ್ಯೂಬಿಗೊಂದಿಷ್ಟು, ನೇರಳೆ ಮುಚ್ಚಳದ ಟ್ಯೂಬಿಗೊಂದಿಷ್ಟು ತುಂಬಿಸಿ, ಐಸ್ ಪೆಟ್ಟಿಗೆಯಲ್ಲಿಟ್ಟು ತರಬೇಕು. ಬಹಳ ಹೊತ್ತು ಕಳೆದರೆ ರಕ್ತ ಕೆಟ್ಟುಹೋಗುತ್ತದೆ. ಸೂಜಿಯಕ್ಕ ಎಂದು ಹೆಸರಿಟ್ಟವರು ಆ ಮನೆಗಳ ಮುದುಕಿಯರೇ. ಅವಳ ಕೈ ಹಗುರ ಎಂದು ಹೆಸರುವಾಸಿ. ಚುಚ್ಚಿದ್ದು ಗೊತ್ತಾಗುವುದರೊಳಗೆ ಹತ್ತಿ ಒತ್ತಿ ತೋಳು ಮಡಚಿಸಿರುತ್ತಿದ್ದಳು. ಬಾಯಿ ಮಾತ್ರ ಹಗುರವಲ್ಲ. ಖಾಲಿ ಹೊಟ್ಟೆಯಲ್ಲಿರಿ ಎಂದಿದ್ದರೂ ಕದ್ದು ಬಿಸ್ಕತ್ತು ತಿಂದ ತಾತಂದಿರಿಗೆ ಅವಳು ಬೆವರಿಳಿಸುತ್ತಿದ್ದ ಸಂಗತಿ ಬೀದಿಗೆಲ್ಲ ಗೊತ್ತಿತ್ತು.

ಈ ಕೆಲಸಕ್ಕೆ ಬರುವ ಮುಂಚೆ ಅವಳು ಮೊದಲು ಒಂದು ಚಿಕ್ಕ ಆಸ್ಪತ್ರೆಯ ವಾರ್ಡಿನಲ್ಲಿದ್ದಳು. ಆಮೇಲೆ ಇದೇ ಲ್ಯಾಬಿನ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಕೋಣೆಯೊಳಗೆ, ಗಾಜಿನ ಸಾಮಾನು ತೊಳೆಯುತ್ತ ವರ್ಷಗಟ್ಟಲೆ ಕಳೆದಳು. ಹೊರಗೆ ಮಳೆಯೋ ಬಿಸಿಲೋ ಎಂದು ಮೇಲಿನಿಂದ ಬಂದವರ ಚಪ್ಪಲಿ ನೋಡಿ ತಿಳಿಯಬೇಕಿತ್ತು. ಮನೆಗಳಿಗೆ ಹೋಗುತ್ತಿದ್ದವನು ಕೆಲಸ ಬಿಟ್ಟಾಗ ನಾನು ಹೋಗುತ್ತೇನೆ ಎಂದು ಮುಂದೆ ಬಂದವಳು ಇವಳೇ. ಪೈಪು ಹೊರಲು ಮೂರು ಗಾಲಿಯ ಲಗೇಜ್ ಗಾಡಿ ಕೊಂಡಿದ್ದ ಗಂಡನ ಹಳೆಯ ಮೋಟಾರ್‌ಸೈಕಲ್ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಬಿದ್ದು, ಮೊಣಕಾಲು ತರಚಿಸಿಕೊಂಡು ಅದನ್ನು ಕಲಿತಳು. ಗಾಡಿ ಹೋದರೆ ಬೀದಿ ಹೋಯಿತು, ಬೀದಿ ಹೋದರೆ ಮತ್ತೆ ಆ ನೆಲಮಾಳಿಗೆಯೇ. ಮ್ಯಾನೇಜರ್ ಅದನ್ನು ಬಾಯಿಬಿಟ್ಟೇ ಹೇಳಿದ್ದ: ಇನ್ನೊಂದು ಸಲ ರಕ್ತ ಕೆಟ್ಟು ಬಂದರೆ ಕೆಳಗೆ ಹೋಗಿ ಕೂತುಬಿಡಿ, ಅಲ್ಲಿ ಫ್ಯಾನ್ ಕೂಡ ಇದೆ.

ಗಂಡ ಪ್ಲಂಬರ್. ಕೆಟ್ಟವನಲ್ಲ, ಆದರೆ ಸೋರುವುದನ್ನು ಕಂಡರೆ ಅವನಿಗೆ ನಿದ್ದೆ ಬರುವುದಿಲ್ಲ. ಜೇಬಿನಲ್ಲಿ ಸದಾ ಬೂದು ಬಣ್ಣದ ಅಂಟಿನ ಉಂಡೆ ಇರುತ್ತಿತ್ತು. ನಲ್ಲಿಯ ಬುಡ, ಕಿಟಕಿಯ ಸಂದು, ಬಕೆಟ್ಟಿನ ಸೀಳು, ಎಲ್ಲಿ ತೂತು ಕಂಡರೂ ಒತ್ತಿಬಿಡುತ್ತಿದ್ದ. ಗಾಡಿ ಕೆಟ್ಟು ನಿಂತು ದಾರಿಯಲ್ಲಿ ಯಾರೂ ಸಿಗದಾಗಲೆಲ್ಲ ಅವಳು ಅದನ್ನು ತಳ್ಳಿಕೊಂಡು ಮೆಕ್ಯಾನಿಕ್ ಹತ್ತಿರ ಹೋಗುವುದು, ಅವನು ಮುಚ್ಚಳ ತೆಗೆದು ಟ್ಯಾಂಕ್ ಅಲ್ಲಾಡಿಸಿ ಕಿಕ್ ಹೊಡೆಯುವುದು, ಗಾಡಿ ಸ್ಟಾರ್ಟ್ ಆಗುವುದು, ಏನೂ ಆಗಿಲ್ಲ ಎಂದು ಅವನು ಗಂಡನಿಗೆ ಫೋನ್ ಮಾಡುವುದು. ಅವಳು ಎದುರಿಗೇ ನಿಂತಿರುವಾಗ ಫೋನಿನಲ್ಲಿ ಗಂಡನಿಗೆ ವರದಿ! ಅಕ್ಕ ಚೋಕ್ ಎಳೆದೇ ಓಡಿಸುತ್ತಾರೆ, ಅಕ್ಕ ಕಿಕ್ ಸರಿಯಾಗಿ ಹೊಡೆಯುವುದಿಲ್ಲ, ಗಾಡಿಗೂ ಕೈ ಗೊತ್ತಾಗುತ್ತದೆ ಅಣ್ಣ.

ಪ್ಲಗ್ ಬದಲಾಯಿಸಿಯಾಯಿತು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದದ್ದೂ ಆಯಿತು. ಟ್ಯಾಂಕ್ ತುಂಬಿಸಿದ ದಿನವೇ ಗಾಡಿ ಬೇಗ ನಿಲ್ಲುತ್ತದೆ, ಅರ್ಧ ಇದ್ದಾಗ ಹೆಚ್ಚು ದೂರ ಓಡುತ್ತದೆ ಎಂದು ಅವಳು ಹೇಳಿದಾಗ ಮೆಕ್ಯಾನಿಕ್ ಹೊಟ್ಟೆ ಹಿಡಿದುಕೊಂಡು ನಕ್ಕ. ಹೊಟ್ಟೆ ತುಂಬಿದರೆ ಯಾರಿಗಾದರೂ ನಿದ್ದೆ ಬರುತ್ತದೆ ಎಂದ. ಗಂಡನೂ ನಕ್ಕ. ಆ ನಗೆಯನ್ನು ಅವಳು ಮರೆಯಲಿಲ್ಲ. ಕಡೆಗೆ ಗಂಡಸರಿಬ್ಬರೂ ಸೇರಿ ತೀರ್ಮಾನವನ್ನೂ ಮಾಡಿಬಿಟ್ಟರು: ಗಾಡಿಯನ್ನು ಮೆಕ್ಯಾನಿಕ್ಕೇ ಕೊಳ್ಳುವುದು, ಭಾನುವಾರ ಬಂದು ಒಪ್ಪಿಸುವುದು. ಓಡಿಸುವವಳನ್ನು ಒಂದು ಮಾತು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳು ಒಬ್ಬ ಅಜ್ಜಿಯ ಮನೆಯಲ್ಲಿದ್ದಳು. ಕಾಗದದಂಥ ಚರ್ಮ, ಮುಟ್ಟಿದರೆ ಜಾರಿಕೊಳ್ಳುವ ನರ. ಹಿಂದಿನ ಸಲ ತೆಗೆದ ರಕ್ತ ದಾರಿಯಲ್ಲೇ ಕೆಟ್ಟದ್ದರಿಂದ ಮತ್ತೆ ಚುಚ್ಚಬೇಕಾಗಿ ಬಂದಿತ್ತು. ಅಜ್ಜಿ ಬೈಯಲಿಲ್ಲ, ಇದೊಂದೇ ಸಲ ತಾನೇ ಮಗಳೇ ಎಂದು ಕೇಳಿ ತೋಳು ಚಾಚಿದಳು. ಬೈದಿದ್ದರೇ ವಾಸಿಯಿತ್ತು. ರಕ್ತ ತೆಗೆದು ಏಳುವಾಗ ಪಕ್ಕದ ಮಂಚದಲ್ಲಿದ್ದ ತಾತನ ಸೊಸೆ, ಡ್ರಿಪ್ ನಿಂತುಹೋಗಿದೆ, ಬಾಟಲಿ ತುಂಬಾ ನೀರಿದ್ದರೂ ಇಳಿಯುತ್ತಿಲ್ಲ ಎಂದಳು. ಗಟ್ಟಿ ಬಾಟಲಿ, ಯಾರೋ ಗಾಳಿ ಸೂಜಿ ಚುಚ್ಚುವುದನ್ನೇ ಮರೆತಿದ್ದರು. ಒಳಗೆ ಗಾಳಿ ಹೋಗದೆ ನೀರು ಇಳಿಯುವುದು ಹೇಗೆ? ಸೂಜಿಯಕ್ಕ ಒಂದು ಸೂಜಿ ಚುಚ್ಚಿದಳು. ಗುಳುಗುಳು ಎಂದು ಗುಳ್ಳೆಗಳೆದ್ದು ಹನಿ ಬೀಳತೊಡಗಿತು. ವಾರ್ಡಿನಲ್ಲಿ ಸಾವಿರ ಸಲ ಮಾಡಿದ ಕೆಲಸ, ಅದರ ಬಗ್ಗೆ ಯೋಚಿಸದೆಯೇ ಹೊರಟಳು.

ಗೋದಾಮುಗಳ ಸಾಲಿನ ಹತ್ತಿರ ಗಾಡಿ ಕೆಮ್ಮಿ, ಮುಗ್ಗರಿಸಿ, ನಿಂತಿತು. ಆ ಹೊತ್ತಿನಲ್ಲಿ ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ಕಿಕ್ ಹೊಡೆದಳು. ಚೋಕ್ ಎಳೆದು ಹೊಡೆದಳು, ಬಿಟ್ಟು ಹೊಡೆದಳು. ಕಾಲಿನ ಮೀನಖಂಡ ನಡುಗತೊಡಗಿತು. ಐಸ್ ಪೆಟ್ಟಿಗೆಯಲ್ಲಿ ಅಜ್ಜಿಯ ರಕ್ತ. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಗಾಡಿಯ ಮೇಲೆ, ಮ್ಯಾನೇಜರ್ ಮೇಲೆ, ನಕ್ಕವರೆಲ್ಲರ ಮೇಲೆ. ಟ್ಯಾಂಕಿಗೆ ಪಟಪಟನೆ ನಾಲ್ಕು ಬಾರಿಸಿದಳು. ತುಂಬಿದ ಟ್ಯಾಂಕಿನ ಮಂದ ಸದ್ದು ಬಂತು. ತುಂಬಿದೆ, ಆದರೂ ಇಳಿಯುತ್ತಿಲ್ಲ.

ಕೈ ಅಲ್ಲೇ ನಿಂತಿತು. ಬಾಟಲಿ ತುಂಬಾ ನೀರಿದ್ದರೂ ಇಳಿಯುತ್ತಿಲ್ಲ ಎಂದು ಆ ಸೊಸೆ ಹೇಳಿದ್ದು ಇನ್ನೂ ಕಿವಿಯಲ್ಲಿತ್ತು. ಬಗ್ಗಿ ಮುಚ್ಚಳ ನೋಡಿದಳು. ನಡುವೆ ಗಾಳಿಗೆಂದು ಬಿಟ್ಟಿದ್ದ ಸಣ್ಣ ತೂತು ಕಾಣಲಿಲ್ಲ. ಅದರ ಜಾಗದಲ್ಲಿ, ಹೆಬ್ಬೆರಳಿನಿಂದ ಒತ್ತಿ ನೀಟಾಗಿ ಸವರಿದ ಬೂದು ಬಣ್ಣದ ಅಂಟಿತ್ತು.

ಮುಚ್ಚಳಕ್ಕೆ ಕೀ ಹಾಕಿ ತಿರುಗಿಸಿದಳು. ಉಸ್ಸೆಂದು ಟ್ಯಾಂಕ್ ಉಸಿರೆಳೆದುಕೊಂಡಿತು. ಬೀದಿಯ ಗದ್ದಲದಲ್ಲಿ ಇಷ್ಟು ದಿನ ಯಾರಿಗೂ ಕೇಳಿಸದ ಸದ್ದು ಆ ನಿರ್ಜನ ಜಾಗದಲ್ಲಿ ಸ್ಪಷ್ಟವಾಗಿ ಕೇಳಿತು. ಕಾರ್ಬ್ಯುರೇಟರಿಗೆ ಪೆಟ್ರೋಲ್ ಇಳಿಯುವಷ್ಟು ಹೊತ್ತು ಕಾದು ಒಂದು ಕಿಕ್ ಹೊಡೆದಳು. ಗಾಡಿ ಎದ್ದಿತು. ಅರ್ಧ ಟ್ಯಾಂಕಿನಲ್ಲಾದರೆ ಒಂದಿಷ್ಟು ಗಾಳಿಯಾದರೂ ಒಳಗಿರುತ್ತದೆ, ತುಂಬಿದ ಟ್ಯಾಂಕಿನಲ್ಲಿ ಅದಕ್ಕೆ ಜಾಗವೇ ಇಲ್ಲ, ತುಂಬಿಸಿದ ದಿನವೇ ಬೇಗ ನಿಲ್ಲುತ್ತಿದ್ದದ್ದು ಅದಕ್ಕೇ. ದಾರಿಯುದ್ದಕ್ಕೂ ಮತ್ತೆ ಮತ್ತೆ ನಿಲ್ಲಿಸಿ, ಮುಚ್ಚಳ ಸಡಿಲಿಸಿ ಗಾಳಿ ಕುಡಿಸುತ್ತ ಲ್ಯಾಬ್ ಮುಟ್ಟಿದಳು. ರಕ್ತ ಕೆಟ್ಟಿರಲಿಲ್ಲ.

ಇದು ಸಂತೋಷಪಡಬೇಕಾದ ಗಳಿಗೆ. ಅವಳಿಗೆ ಮಾತ್ರ ಸಿಟ್ಟು ಇನ್ನಷ್ಟು ನೆತ್ತಿಗೇರಿತು. ನೋಡಲು ಬಂದ ಗಂಡಸರೆಲ್ಲ ಮಾಡಿದ್ದು ಅವಳ ಮಾತು ನಂಬದೆ ಮುಚ್ಚಳ ತೆಗೆದದ್ದು, ಅಷ್ಟೇ! ಪೆಟ್ರೋಲ್ ಇದೆಯೆಂದು ಗೊತ್ತಿದ್ದ ಅವಳಿಗೆ ತೆಗೆದು ನೋಡುವ ಅಗತ್ಯ ಬಿದ್ದಿರಲಿಲ್ಲ. ತನ್ನ ಮಾತು ನಿಜವಾಗಿದ್ದೇ ತನಗೆ ಮುಳುವಾಯಿತಲ್ಲ ಎಂದು ಹಲ್ಲು ಕಡಿದಳು. ಮನೆಯಲ್ಲಿ ಏನೂ ಹೇಳಲಿಲ್ಲ. ಅಂಟನ್ನೂ ತೆಗೆಯಲಿಲ್ಲ.

ಭಾನುವಾರ ಗಂಡ ಮುಂದಾಗಿ ನಡೆದೇ ಮೆಕ್ಯಾನಿಕ್ ಅಂಗಡಿಗೆ ಹೋದ. ಇವಳು ಟ್ಯಾಂಕ್ ತುಂಬಿಸಿ, ಊರೆಲ್ಲ ಸುತ್ತಿ, ಗಾಡಿ ನಿಂತ ಮೇಲೆ ತಳ್ಳಿಕೊಂಡು ಬಂದಳು. ಗಂಡಸರಿಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಕೊಳ್ಳುವವರು ಓಡಿಸಿ ನೋಡಬೇಕಲ್ಲವೇ, ಸ್ಟಾರ್ಟ್ ಮಾಡಿ ಎಂದಳು ಅವಳು. ಮೆಕ್ಯಾನಿಕ್ ಟ್ಯಾಂಕಿನ ಕೀ ಕೇಳಿದ. ಅದು ಅವಳ ಕೋಟಿನ ಜೇಬಿನಲ್ಲಿತ್ತು, ಅಲ್ಲೇ ಉಳಿಯಿತು.

"ಮುಚ್ಚಳ ತೆಗೀಬೇಕಲ್ಲ ಅಕ್ಕ. ಪೆಟ್ರೋಲ್ ಇದೆಯಾ ನೋಡ್ತೀನಿ."

"ಇದೆ. ನಾನು ಹೇಳ್ತಿದೀನಲ್ಲ ಇದೆ ಅಂತ. ನನ್ನ ಮಾತು ನಂಬಿ ಸ್ಟಾರ್ಟ್ ಮಾಡಿ."

ಅವನು ಕಿಕ್ ಹೊಡೆದ. ಹೊಡೆದೇ ಹೊಡೆದ. ಪ್ಲಗ್ ಬಿಚ್ಚಿ ನೋಡಿದ, ಕಿಡಿ ಬರುತ್ತಿತ್ತು. ಮತ್ತೆ ಹಾಕಿ ಹೊಡೆದ. ಗಂಡ ತಾನು ನೋಡುತ್ತೇನೆಂದು ಅಂಗಿಯ ತೋಳು ಮಡಚಿಕೊಂಡು ಬಂದು ಹೊಡೆದ. ಕಿಕ್ಕರ್ ಹಿಂದಕ್ಕೆ ಬಡಿದು ಮೊಣಕಾಲು ಹಿಡಿದುಕೊಂಡು ಕುಳಿತ. ಕೊಡೇ ಕೀ ಎಂದು ಅವನೂ ಕೇಳಿದ, ಅವಳು ಕೇಳಿಸದವಳಂತೆ ನಿಂತಳು. ಇಬ್ಬರ ಬೆನ್ನೂ ಬೆವರಿನಿಂದ ತೊಯ್ದ ಮೇಲೆ ಮುಂದೆ ಬಂದು ಮುಚ್ಚಳಕ್ಕೆ ಕೀ ಹಾಕಿದಳು. ಉಸ್ಸೆಂದಿತು. ಸ್ವಲ್ಪ ಹೊತ್ತು ಬಿಟ್ಟು ಒಂದೇ ಕಿಕ್ ಹೊಡೆದಳು. ಗುಡುಗುಟ್ಟುವ ಗಾಡಿಯ ಮುಂದೆ ಮೆಕ್ಯಾನಿಕ್ಕಿನ ಮುಖ ಹುಳ್ಳಗಾಯಿತು.

ಅವಳು ಮುಚ್ಚಳವನ್ನು ಗಂಡನ ಮೂಗಿನ ಕೆಳಗೆ ಹಿಡಿದಳು. ಅವನು ತನ್ನದೇ ಹೆಬ್ಬೆರಳಿನ ಗುರುತನ್ನು ನೋಡಿದ. ಮೊದಲ ಮಳೆಗೆ ಟ್ಯಾಂಕಿನೊಳಗೆ ನೀರು ಹೋಗಿತ್ತು, ಇನ್ನು ಹೋಗಬಾರದೆಂದು ಮುಚ್ಚಿದ್ದೆ ಎಂದು ತಡವರಿಸಿದ.

"ನಿನ್ನ ಒಳ್ಳೇದಕ್ಕೇ ಮಾಡಿದ್ದು ಕಣೇ."

"ಮುಚ್ಚಿದ್ದಕ್ಕೆ ನಂಗೆ ಸಿಟ್ಟಿಲ್ಲ. ಇಷ್ಟು ದಿನ ಎಲ್ಲಾರೂ ಸೇರಿ ನನ್ನ ಆಡಿಕೊಳ್ಳುವಾಗ, ನೀವೇ ಏನಾದ್ರೂ ಮಾಡಿರಬಹುದಾ ಅಂತ ನಿಮಗೆ ಒಂದೇ ಒಂದು ಸಲ ಅನ್ನಿಸಲಿಲ್ವಲ್ಲ. ಅದಕ್ಕೆ."

ಅವಳು ಗಾಡಿಗೆ ಕಟ್ಟಿದ್ದ ಪೆಟ್ಟಿಗೆಯಿಂದ ಹೊಸ ಸೂಜಿಯೊಂದನ್ನು ತೆಗೆದು, ಅಂಟನ್ನು ಕೆರೆದು ಕೆರೆದು ತೂತು ಬಿಡಿಸಿದಳು. ಕೈ ಎಂದಿನಷ್ಟು ಹಗುರವಾಗಿರಲಿಲ್ಲ. ಗಾಡಿ ಮಾರುವುದಿಲ್ಲ ಎಂದು ಮೆಕ್ಯಾನಿಕ್ಕಿಗೆ ಅವಳೇ ಹೇಳಿದಳು, ಬೇಕಾದರೆ ಫೋನ್ ಮಾಡಿ ಅಣ್ಣನಿಗೂ ತಿಳಿಸಿ ಎಂದೂ ಸೇರಿಸಿದಳು. ಅಣ್ಣ ಅಲ್ಲೇ ಮೊಣಕಾಲು ಉಜ್ಜುತ್ತ ನಿಂತಿದ್ದ. ಅವನು ಹಿಂದೆ ಕೂರಲು ಕಾಲೆತ್ತುವಷ್ಟರಲ್ಲಿ ಅವಳು ಹೊರಟುಬಿಟ್ಟಳು.

ಅವನು ಮನೆ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಕುಂಟುತ್ತ ಒಳಗೆ ಬಂದು, ಗೋಡೆಗೆ ಕೈಕೊಟ್ಟು ನಿಂತು ಏದುಸಿರು ಬಿಟ್ಟ. ಸೂಜಿಯಕ್ಕ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದಳು. ತಿರುಗಿ ನೋಡಲಿಲ್ಲ.

"ಯಾಕೆ ಇಷ್ಟು ತಡ?" ಎಂದಳು. "ಪೆಟ್ರೋಲ್ ಇರಲಿಲ್ವಾ?"