ನೆಲಕ್ಕೆ ಲಾಳ ಹೊಡೆದವರು

ಅವರ ಎಡಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಚರ್ಮವೇ ಹುಣಸೆಬೀಜದ ಹಾಗೆ ಕಪ್ಪಗೆ, ಗಟ್ಟಿಯಾಗಿ ಕೂತಿತ್ತು. ಸುತ್ತಿಗೆ ಗುರಿ ತಪ್ಪಿದಾಗಲೆಲ್ಲ ಏಟು ತಿಂದದ್ದು ಆ ಬೆರಳೇ. "ಎತ್ತಿನ ಕಾಲಿಗೆ ಬೀಳೋ ಏಟು ಇಲ್ಲಿಗೆ ಬಿತ್ತಲ್ಲ, ಅಷ್ಟೇ ಸಾಕು ಟೀಚರಮ್ಮ" ಎಂದು ಅದನ್ನು ಎತ್ತಿ ತೋರಿಸುತ್ತಿದ್ದರು. ಆ ಬೆರಳಿನ ಮೇಲೆ ಅವರಿಗೆ ಬಹಳ ಹೆಮ್ಮೆ.

ಚಿಂತಾಮಣಿಯ ಸಂತೆ ಮೈದಾನದ ಹಿಂದಿನ ಬೀದಿಯಲ್ಲಿ ನಾನು ಬಾಡಿಗೆಗಿದ್ದ ಮನೆಗೆ ಅಂಟಿಕೊಂಡಂತೆ ಅವರ ಮನೆ. ಮುಂದೆ ಒಂದು ಹೆಂಚಿನ ಮಾಡು, ಅದರ ಕೆಳಗೆ ಅವರ ಕಸುಬು. ಎತ್ತುಗಳಿಗೂ ಜಟಕಾ ಕುದುರೆಗಳಿಗೂ ಲಾಳ ಹೊಡೆಯುವುದು. ಊರೆಲ್ಲ ಅವರನ್ನು ಲಾಳದ ಸಾಬರು ಎನ್ನುತ್ತಿತ್ತು. ಎತ್ತಿಗೆ ಹಗ್ಗ ಹಾಕಿ ಮಗ್ಗುಲಿಗೆ ಕೆಡವಿ ಕಾಲು ಕಟ್ಟಿದ ಮೇಲೆ, ಅದರ ಕಿವಿಯ ಹತ್ತಿರ ಬಾಗಿ ತೆಲುಗಿನಲ್ಲಿ "ಊರುಕೋ ನಾಯನಾ, ಅಯಿಪೋಯಿಂದಿ" ಎನ್ನುತ್ತಿದ್ದರು. ಸುಮ್ಮನಿರಪ್ಪಾ, ಮುಗಿದೇಹೋಯಿತು ಅಂತ. ಆಗಿನ್ನೂ ಒಂದು ಮೊಳೆಯನ್ನೂ ಹೊಡೆದಿರುತ್ತಿರಲಿಲ್ಲ! ಕುದುರೆಗಳ ಜೊತೆ ಮಾತ್ರ ಉರ್ದು. ಯಾಕೆ ಸಾಬ್ರೇ ಎಂದು ಕೇಳಿದರೆ, "ಎತ್ತುಗಳೆಲ್ಲ ಆಂಧ್ರದ ಕಡೆಯಿಂದ ಬಂದಿರೋವು. ಬೇರೆ ಭಾಷೆ ಆಡಿದ್ರೆ ಒದೀತಾವೆ" ಎಂದು ಗಂಭೀರವಾಗಿ ಹೇಳುತ್ತಿದ್ದರು.

ಅವರು ಯಾರನ್ನೂ ಮೊದಲು ಮುಖ ನೋಡಿ ಮಾತಾಡಿಸಿದವರಲ್ಲ. ಕಾಲು ನೋಡುತ್ತಿದ್ದರು. ನಾನು ಟ್ರಂಕು ಹಿಡಿದು ಆ ಬೀದಿಗೆ ಕಾಲಿಟ್ಟ ದಿನ, ಯಾರು, ಎಲ್ಲಿಂದ ಬಂದೆ ಎಂದು ಕೇಳುವ ಮೊದಲೇ "ಎಡಗಾಲಿನ ಚಪ್ಪಲಿ ಕಚ್ತಾ ಐತಲ್ಲಮ್ಮ, ಒಳಗಡೆ ಎಣ್ಣೆ ಸವರು" ಎಂದಿದ್ದರು. ನನಗೆ ಸಿಟ್ಟು ಬಂದಿತ್ತು. ಸಂಜೆ ಎಣ್ಣೆ ಸವರಿದೆ, ಮಾರನೆಯ ದಿನ ಚಪ್ಪಲಿ ಕಚ್ಚಲಿಲ್ಲ. ಸಿಟ್ಟಿನಲ್ಲಿ ಅವರೇನೂ ನನಗಿಂತ ಕಡಿಮೆಯಿರಲಿಲ್ಲ. ಗೊರಸು ಬೆಳೆದು ಸೊಟ್ಟಗಾದ ಎತ್ತನ್ನು ಯಾರಾದರೂ ಹೊಡೆದುಕೊಂಡು ಬಂದರೆ, ಸುತ್ತಿಗೆ ಮುಟ್ಟುವ ಮೊದಲು ಕಾಲು ಗಂಟೆ ಆ ಯಜಮಾನನಿಗೆ ಮಂಗಳಾರತಿ ಆಗುತ್ತಿತ್ತು.

ನಾನು ಸಾದಲಿಯ ಕಡೆಯವಳು, ರೇಷ್ಮೆಹುಳು ಸಾಕುವ ಮನೆಯವಳು. ನಮ್ಮ ಮನೆತನದಲ್ಲಿ ಕೆಲಸಕ್ಕೆಂದು ಊರು ಬಿಟ್ಟ ಮೊದಲ ಹೆಣ್ಣು. ಐವತ್ತರ ದಶಕದ ಕೊನೆ, ನನಗೆ ಇಪ್ಪತ್ತೆರಡು. ಶಾಲೆಯಲ್ಲಿ ಅರವತ್ತು ಮಕ್ಕಳ ಗಲಾಟೆ, ಮನೆಗೆ ಬಂದರೆ ಗೋಡೆಗಳ ಜೊತೆ ಮಾತು. ವರ್ಗವಾಗಿ ಹೊರಟ ಹೆಡ್‌ಮಿಸ್ಸು "ನೋಡ್ಕೋ" ಎಂದು ಒಂದು ಬಿಳಿ ಮೊಲವನ್ನು ನನ್ನ ಮಡಿಲಿಗೆ ಹಾಕಿಹೋದ ಮೇಲೆ, ಬಾಗಿಲು ತೆಗೆದಾಗ ಕಿವಿ ನಿಮಿರಿಸುವ ಒಂದು ಜೀವ ಸಿಕ್ಕಿತು. ಅದಕ್ಕೆ ಅರಳೆ ಎಂದು ಹೆಸರಿಟ್ಟೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ವರ್ಷ ನನಗೆ ಅದಕ್ಕಿಂತ ಹತ್ತಿರದವರು ಯಾರೂ ಇರಲಿಲ್ಲ.

ಪ್ರೀತಿ ಹೆಚ್ಚಾದದ್ದೇ ಅದಕ್ಕೆ ಮುಳುವಾಯಿತು. ಕಡಲೆಕಾಯಿ, ಬೆಲ್ಲ, ಉಳಿದ ಚಪಾತಿ, ಕೇಳಿದ್ದೆಲ್ಲ ಕೊಟ್ಟೆ. ಬಡಗಿಗೆ ಹೇಳಿ ಕೆಳಗೆ ತಂತಿ ಜಾಲರಿ ಇರುವ ಪೆಟ್ಟಿಗೆ ಮಾಡಿಸಿದೆ. ಹಿಕ್ಕೆ ಕೆಳಗೆ ಬೀಳುತ್ತದೆ, ಚೊಕ್ಕಟವಾಗಿರುತ್ತದೆ ಎಂಬ ಲೆಕ್ಕ. ಅರಳೆ ಗುಂಡಗಾಯಿತು, ಕುಣಿಯುವುದನ್ನು ಬಿಟ್ಟು ಕೂತಲ್ಲೇ ಕೂತಿರತೊಡಗಿತು. ಒಂದು ಭಾನುವಾರ ಜಾಲರಿಯ ಮೇಲೆ ರಕ್ತ ಕಂಡಿತು. ಎತ್ತಿ ತಿರುಗಿಸಿ ನೋಡಿದರೆ, ಹಿಂಗಾಲುಗಳ ಅಡಿಯಲ್ಲಿ ಕೂದಲೆಲ್ಲ ಉದುರಿ, ಹಿಮ್ಮಡಿಯ ಹತ್ತಿರ ಚರ್ಮ ಕೆಂಪಗೆ ಒಡೆದಿತ್ತು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಪಕ್ಕದ ಮಾಡಿಗೆ ಓಡಿದೆ. ಕಾಲಿನ ವಿಷಯ ಗೊತ್ತಿದ್ದವರು ಆ ಬೀದಿಯಲ್ಲಿ ಇನ್ಯಾರಿದ್ದರು?

"ಏನು ಟೀಚರಮ್ಮ, ಇದಕ್ಕೂ ಲಾಳ ಹೊಡೀಬೇಕಾ?" ಎಂದು ನಕ್ಕರು. ಅಲ್ಲಿದ್ದ ಜಟಕಾದವರೂ ನಕ್ಕರು. ನನ್ನ ಕಣ್ಣಲ್ಲಿ ನೀರು ನೋಡಿ ಸಾಬರು ಸುತ್ತಿಗೆ ಕೆಳಗಿಟ್ಟರು. ಅರಳೆಯನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಉಗುರಿಲ್ಲದ ಆ ಬೆರಳಿನಿಂದ ಅಂಗಾಲನ್ನು ಸವರಿದರು. "ಸುಮ್ನಿರು ಮಗಾ, ಏನೂ ಮಾಡಲ್ಲ" ಎಂದರು, ಕನ್ನಡದಲ್ಲಿ. ಟೀಚರಮ್ಮನ ಮೊಲ ಅಂತ ಇರಬೇಕು.

"ನಾಯಿಗೆ, ಬೆಕ್ಕಿಗೆ ಕಾಲಡಿ ಮೆತ್ತೆ ಐತೆ. ಇದಕ್ಕಿಲ್ಲ. ಇದಕ್ಕೆ ಕೂದಲೇ ಲಾಳ ಕಣಮ್ಮ. ತಂತಿ ಮೇಲೆ ಕೂತೂ ಕೂತೂ ಲಾಳ ಸವೆದುಹೋಗೈತೆ."

"ಹಾಗಾದ್ರೆ ಏನು ಮಾಡೋದು ಸಾಬ್ರೇ?"

"ಇದರ ಲಾಳ ನಾನು ಹೊಡೆಯೋಕಾಗಲ್ಲ, ಅದೇ ಬೆಳೆಸ್ಕೋಬೇಕು. ಅಲ್ಲೀಗಂಟ ನೆಲಕ್ಕೆ ಹೊಡೀತೀನಿ."

ಹೇಳಿದ ಹಾಗೇ ಮಾಡಿದರು. ಜಾಲರಿಯ ಮೇಲೆ ಹಲಗೆ ಕೂರಿಸಿ, ಕುದುರೆ ಲಾಳದ ಮೊಳೆಯಿಂದಲೇ ಬಿಗಿದರು. ಹಲಗೆಯ ಮೇಲೆ ಗೋಣಿತಾಟು, ಅದರ ಮೇಲೆ ಮೊಣಕೈ ಮುಳುಗುವಷ್ಟು ಒಣ ರಾಗಿಹುಲ್ಲು. ಆಮೇಲೆ ಅರಳೆಯ ಉಗುರು ಹಿಡಿದು ಬೆಳಕಿಗೆ ಒಡ್ಡಿದರು. ಒಳಗೆ ಕೆಂಪು ನರ ಕಾಣುತ್ತಿತ್ತು. ಉಗುರು ಉದ್ದವಾದರೆ ಬೆರಳು ಮೇಲೇಳುತ್ತದೆ, ಮೈಭಾರವೆಲ್ಲ ಹಿಮ್ಮಡಿಗೆ ಬೀಳುತ್ತದೆ, ಎತ್ತಿಗೂ ಹಾಗೇ ಎಂದರು. ಅವರ ಇಕ್ಕಳಗಳೆಲ್ಲ ದೊಡ್ಡವು. ಒಳಗೆ ಹೋಗಿ ಹೆಂಡತಿಯ ಎಲೆಯಡಿಕೆ ತಟ್ಟೆಯಿಂದ ಅಡಕತ್ತರಿ ತಂದು, ನರಕ್ಕೆ ತಾಕದಂತೆ ಒಂದೊಂದೇ ತುದಿ ಕತ್ತರಿಸಿದರು. ಅವರ ಹೆಂಡತಿಯನ್ನು ಬೀದಿಯವರೆಲ್ಲ ಬೂಬಮ್ಮ ಎನ್ನುತ್ತಿದ್ದರು. "ಮೊಲದ ಉಗುರು ಕತ್ತರಿಸಿದ್ರಲ್ಲಿ ನಾನು ಅಡಿಕೆ ತಿನ್ಬೇಕಾ!" ಎಂದು ಬೂಬಮ್ಮ ವಾರವೆಲ್ಲ ಗಂಡನ ಜನ್ಮ ಜಾಲಾಡಿದರು.

ಎತ್ತಿನ ಗಾಯಕ್ಕೆ ಹಚ್ಚುವ ಕಪ್ಪು ಎಣ್ಣೆಯ ಡಬ್ಬಿಯನ್ನು ಕೈಗೆತ್ತಿಕೊಂಡವರು ಅಲ್ಲೇ ನಿಂತರು. "ಇದು ಕಾಲು ನೆಕ್ಕೋ ಪ್ರಾಣಿ. ನೆಕ್ಕೋದಕ್ಕೆ ತಿನ್ನೋ ಮದ್ದೇ ಹಚ್ಚಬೇಕು" ಎಂದು ಅದನ್ನು ಹಿಂದಕ್ಕಿಟ್ಟರು. ಬೆಚ್ಚಗಿನ ಉಪ್ಪುನೀರಿನಲ್ಲಿ ತೊಳೆದು, ಒತ್ತಿ ಒರೆಸಿ, ಜೇನಿಗೆ ಚಿಟಿಕೆ ಅರಿಶಿನ ಕಲಸಿ ಹಚ್ಚಿದರು. ಹಳೆಯ ಪಂಚೆಯ ಬಟ್ಟೆ ಸಡಿಲವಾಗಿ ಸುತ್ತಿದರು. ದಿನವೂ ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಮೊದಲು ಬಂದು ಇದನ್ನೇ ಮಾಡುತ್ತಿದ್ದರು. ನಾನು ಹಿಡಿದುಕೊಳ್ಳಬೇಕು, ಅವರು ಕಟ್ಟಬೇಕು. ಕಡಲೆಕಾಯಿ, ಬೆಲ್ಲ ಬಂದ್. ಗರಿಕೆ, ಒಣಹುಲ್ಲು, ಎರಡು ಹಿಪ್ಪುನೇರಳೆ ಸೊಪ್ಪು. ಸಂಜೆ ಅಂಗಳದಲ್ಲಿ ಓಡಾಟ. ಹತ್ತು ದಿನಕ್ಕೆ ಗಾಯ ಒಣಗಿ, ಅಂಚಿನಲ್ಲಿ ಮರಿಹಕ್ಕಿಯ ತುಪ್ಪಳದಂಥ ಕೂದಲು ಮೂಡಿತು. ಲಾಳ ಹೊಡೆಸಲು ಬಂದವರೂ ನಮ್ಮ ಅಂಗಳಕ್ಕೆ ಇಣುಕಿ ನೋಡಿಹೋಗುತ್ತಿದ್ದರು.

ಆಗ ಜಡಿಮಳೆ ಹಿಡಿಯಿತು. ಬಿಸಿಲೇ ಇಲ್ಲ. ಹುಲ್ಲು ಒಣಗದು, ಅರಳೆಯ ಉಚ್ಚೆಯಿಂದ ಹಾಸಿಗೆ ಒದ್ದೆ. ನಮ್ಮ ಕಡೆ ರೇಷ್ಮೆಹುಳುವಿನ ತಟ್ಟೆಯಲ್ಲಿ ಹಾಸಿಗೆ ಥಂಡಿಯಾದರೆ ಏನು ಮಾಡುತ್ತಾರೋ ನಾನು ಅದನ್ನೇ ಮಾಡಿದೆ. ಅರಳಿಸಿ ಜರಡಿ ಹಿಡಿದ ಸುಣ್ಣದ ಪುಡಿಯನ್ನು ಹುಲ್ಲಿನ ಕೆಳಗೆ ತೆಳ್ಳಗೆ ಉದುರಿಸಿದೆ. ಅಮ್ಮ ನೂರು ಸಲ ಮಾಡಿದ್ದನ್ನು ನೋಡಿ ಬೆಳೆದ ಕೈ, ಯೋಚನೆಯನ್ನೇ ಮಾಡಲಿಲ್ಲ. ಹುಳುವಿನ ಕೆಳಗೆ ಸೊಪ್ಪಿನ ತೇವ ಮಾತ್ರ ಇರುತ್ತದೆ, ಇಲ್ಲಿ ಒದ್ದೆ ಹುಲ್ಲಿನ ಮೇಲೆ ಆಗಷ್ಟೇ ಮಾಯುತ್ತಿದ್ದ ಕಾಲು ಕೂತಿದೆ ಎಂಬುದು ಹೊಳೆಯಲೇ ಇಲ್ಲ. ಮೂರು ದಿನಕ್ಕೆ ಗಾಯ ಮತ್ತೆ ಬಾಯಿ ತೆರೆಯಿತು, ಮೊದಲಿಗಿಂತ ಅಗಲವಾಗಿ.

ಸಾಬರು ಕಟ್ಟು ಬಿಚ್ಚಿ ನೋಡಿ ಬೆಚ್ಚಿಬಿದ್ದರು. ಅರಿಶಿನ ಜಾಸ್ತಿಯಾಯಿತೇನೋ ಎಂದು ಅದನ್ನು ಹಾಕುವುದನ್ನೇ ಬಿಟ್ಟರು. ಜೇನು ಕೆಟ್ಟಿತೇನೋ ಎಂದು ಬೇರೆ ತಂದರು. ಜಟಕಾದವರಿಗೆ ಬಾಯಿಗೊಂದು ವಿಷಯ ಸಿಕ್ಕಿತು. "ಎತ್ತಿನ ಡಾಕ್ಟ್ರು ಮೊಲಕ್ಕೆ ಸೋತ್ರಲ್ಲಪ್ಪ!" ಎಂದು ಬೀದಿಯ ಆ ಕೊನೆಯಿಂದ ಕೂಗಿ ಹೋಗುತ್ತಿದ್ದರು. ಸಾಬರು ತಿರುಗಿ ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಐದನೆಯ ದಿನ ಹುಲ್ಲು ಬದಲಿಸುವಾಗ ನನ್ನ ಬೆರಳ ಸಂದಿ ಚುರುಚುರು ಉರಿಯಿತು. ಸುಣ್ಣ ಉದುರಿಸಿದ ದಿನಗಳಲ್ಲಿ ಅಮ್ಮ ಕೈಗೆ ಬೆಣ್ಣೆ ಸವರಿಕೊಳ್ಳುತ್ತಿದ್ದದ್ದು ನೆನಪಾಯಿತು. ಅರಳೆಯ ಕಾಲು ಸುಟ್ಟಿದ್ದು ನನ್ನ ಸುಣ್ಣವೇ. ಹುಲ್ಲನ್ನೆಲ್ಲ ಹೊರಗೆ ಎಸೆದೆ, ಹಲಗೆ ತಿಕ್ಕಿ ತೊಳೆದೆ. ಮಾಡಬೇಕಾದ ಇನ್ನೊಂದು ಕೆಲಸ ಮಾತ್ರ ಮಾಡಲಿಲ್ಲ. ಪಕ್ಕದ ಮಾಡಿಗೆ ಹೋಗಿ ಹೇಳಲಿಲ್ಲ. ಮಕ್ಕಳಿಗೆ ಆರೋಗ್ಯ, ನೈರ್ಮಲ್ಯ ಅಂತ ಬೋರ್ಡಿನ ಮೇಲೆ ಬರೆಯುವವಳು ನಾನು. ಊರವರು ಏನಂದಾರು? ಇವಳ ಕೈಗೆ ನಮ್ಮ ಮಕ್ಕಳನ್ನು ಕೊಟ್ಟಿದ್ದೇವಾ ಎನ್ನುವುದಿಲ್ಲವೇ? ಹೀಗೆಲ್ಲ ನನಗೆ ನಾನೇ ಹೇಳಿಕೊಂಡು ಬಾಯಿ ಮುಚ್ಚಿಕೊಂಡೆ.

ಮಾರನೆಯ ಬೆಳಿಗ್ಗೆ ಸಾಬರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಒಬ್ಬಳೇ ಕಟ್ಟು ಕಟ್ಟಲು ನೋಡಿದೆ, ಅರಳೆ ಪರಚಿ ತಪ್ಪಿಸಿಕೊಂಡು ಮೂಲೆ ಸೇರಿತು. ಸೊಪ್ಪನ್ನು ಮೂಸಿಯೂ ನೋಡಲಿಲ್ಲ. ಹೋಗಿ ಕರೆದೆ. ಅವರು ಮಾಡಿನ ಕೆಳಗೆ ಸುಮ್ಮನೆ ಕೂತಿದ್ದರು. ಲಾಳ ಹೊಡೆಸಲು ಬಂದ ಒಂದು ಜೊತೆ ಎತ್ತು ಹಾಗೇ ವಾಪಸು ಹೋಗಿತ್ತು.

"ನಾನು ಮುಟ್ಟಲ್ಲ ಟೀಚರಮ್ಮ" ಎಂದರು. "ಕಸುಬು ಕಲೀತಿದ್ದಾಗ ಒಂದು ಕುದುರೆಗೆ ಮೊಳೆನ ಗೊರಸಿನೊಳಗೆ ನರ ಇರೋ ಜೀವದ ಉಗುರಿಗೆ ಹೊಡೆದೆ. ಕಲ್ಲು ಚುಚ್ಚಿರಬೇಕು ಅಂತ ಸುಳ್ಳು ಹೇಳಿದೆ. ಒಳಗೆ ಕೀವಾಗಿ ಅದು ಮತ್ತೆ ಕಾಲೂರಲಿಲ್ಲ. ಅವತ್ತಿಂದ ಪ್ರತಿ ಮೊಳೆಗೂ ಈ ಕೈನ ನಾನು ಕೇಳ್ತೀನಿ, ಸರಿಯಾಗಿದ್ದೀಯಾ ಅಂತ. ಈಗ ಆ ಬಡಜೀವದ ಕಾಲು ನೋಡು. ಕೈ ಕೆಟ್ಟೋಯ್ತು ನನ್ನದು."

ಅವರ ಕಣ್ಣು ಕೆಂಪಾಗಿತ್ತು. ನನಗೆ ಇನ್ನು ತಡೆಯಲಾಗಲಿಲ್ಲ.

"ಕೈಯಲ್ಲ ಸಾಬ್ರೇ. ಸುಣ್ಣ. ಹುಲ್ಲಿನ ಕೆಳಗೆ ನಾನು ಸುಣ್ಣ ಹಾಕಿದ್ದೆ. ಮೊನ್ನೆಯೇ ಗೊತ್ತಾಯ್ತು, ಹೇಳೋಕೆ ಹೆದರಿದೆ."

ಅವರು ಎದ್ದು ನಿಂತರು. "ಮೊನ್ನೆಯಿಂದ ನನ್ನ ಗಂಟಲಲ್ಲಿ ಅನ್ನ ಇಳಿದಿಲ್ಲ, ಗೊತ್ತಾ ನಿಂಗೆ?" ಎಂದು ಗದರಿದರು. ಹೊಡೆದೇಬಿಡುತ್ತಾರೇನೋ ಅನ್ನಿಸಿತು. ತಮ್ಮ ಎರಡು ಅಂಗೈಗಳನ್ನೂ ಎದುರಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿಕೊಂಡರು. ಆಮೇಲೆ ದೊಡ್ಡದಾಗಿ ಉಸಿರು ಬಿಟ್ಟು, "ಬಾ, ಬಾ. ನೀರು ಕಾಯ್ಸು. ತೊಳಿಯಣ" ಎನ್ನುತ್ತ ನನಗಿಂತ ಮುಂದಾಗಿ ನಮ್ಮ ಮನೆಗೆ ನಡೆದರು.

ಅವತ್ತು ಸಂಜೆಯೊಳಗೆ ಅರಳೆ ಎರಡು ಎಲೆ ತಿಂದಿತು. ಕಾಲು ಪೂರ್ತಿ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಆಮೇಲೆ ಅದು ನಾಲ್ಕು ವರ್ಷ ಬದುಕಿತ್ತು. ತಿಂಗಳಿಗೊಮ್ಮೆ ಸಾಬರು ಬಂದು ಅಂಗಾಲು ತಿರುಗಿಸಿ ನೋಡಿ, ಉಗುರು ಕತ್ತರಿಸಿ, "ಲಾಳ ಭದ್ರವಾಗೈತೆ" ಎಂದು ಹೇಳಿಹೋಗುತ್ತಿದ್ದರು. ಸುಣ್ಣದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಜಟಕಾದವರ ತಮಾಷೆಯೂ ನಿಂತಿದೆ ಎಂದುಕೊಂಡಿದ್ದೆ. ನನ್ನೆದುರು ಆಡುತ್ತಿರಲಿಲ್ಲ, ಅಷ್ಟೇ. ಅರಳೆ ಹೋದ ಮರುವರ್ಷ ನನಗೆ ಗೌರಿಬಿದನೂರಿನ ಕಡೆ ನಗರಗೆರೆಗೆ ವರ್ಗವಾಯಿತು. ಅಲ್ಲೇ ಮದುವೆ, ಮಕ್ಕಳು. ಎಷ್ಟೋ ವರ್ಷಗಳ ಮೇಲೆ ಸಾಬರು ತೀರಿಕೊಂಡ ಸುದ್ದಿ ಹಳೆಯ ಮನೆಯ ಯಜಮಾನರ ಕಾಗದದಲ್ಲಿ ತಡವಾಗಿ ಬಂತು. ನಲವತ್ತನೆಯ ದಿನದ ಪ್ರಾರ್ಥನೆಗಾದರೂ ಇರಬೇಕೆಂದು ಬಸ್ಸು ಹತ್ತಿದೆ.

ಬೂಬಮ್ಮ ನನ್ನನ್ನು ಒಳಮನೆಯಲ್ಲಿ ಚಾಪೆಯ ಮೇಲೆ ಕೂರಿಸಿಕೊಂಡರು. ಇಬ್ಬರೂ ಅತ್ತೆವು. ಆಮೇಲೆ ಅವರೇ ಮಾತು ತೆಗೆದರು.

"ಏನೇ ಹೇಳು ಟೀಚರಮ್ಮ, ಅವರ ಕೈ ಅಂದ್ರೆ ಕೈ. ಜೀವಮಾನದಲ್ಲಿ ತಪ್ಪಿದ್ದು ಎರಡೇ ಸಲ. ಆ ಕುದುರೆ ಒಂದು, ನಿನ್ನ ಮೊಲ ಒಂದು. ಅರಿಶಿನ ಜಾಸ್ತಿ ಹಾಕಿ ಕಾಲು ಸುಟ್ಟುಬಿಟ್ಟೆ ಅಂತ ಕೇಳಿದೋರಿಗೆಲ್ಲ ಅವರೇ ಹೇಳೋರು. ಕೊನೇವರೆಗೂ ಜನ ಅದನ್ನೇ ಆಡ್ಕೊಂಡು ನಕ್ಕರು. ಅವರೂ ಜೊತೆಗೆ ನಗೋರು."

ಇಷ್ಟು ವರ್ಷ ಅವರು ನಿಜವನ್ನು ನಾಲ್ಕು ಜನಕ್ಕೆ ಹೇಳಿಕೊಂಡಿರುತ್ತಾರೆ, ಹೆಂಡತಿಗಂತೂ ಹೇಳಿರುತ್ತಾರೆ ಎಂದೇ ನಂಬಿದ್ದೆ. ಒಂಟಿಯಾಗಿರುವ ಹೆಣ್ಣು, ಮಕ್ಕಳಿಗೆ ಪಾಠ ಹೇಳುವವಳು, ಊರ ಬಾಯಿಗೆ ಬೀಳುವುದು ಬೇಡ ಅಂದುಕೊಂಡರೋ ಏನೋ. ಆ ಕೈಗೆ ಬಂದ ಒಳ್ಳೆಯ ಹೆಸರು ಬಿಟ್ಟರೆ ಅವರು ಸಂಪಾದಿಸಿದ್ದು ಬೇರೇನೂ ಇರಲಿಲ್ಲ. ಅದನ್ನು ನನ್ನ ಹೆಸರು ಉಳಿಸಲು ಕೊಟ್ಟುಬಿಟ್ಟಿದ್ದರು.

"ಅವರ ಕೈ ತಪ್ಪಲಿಲ್ಲ ಬೂಬಮ್ಮ" ಎಂದೆ. "ಹುಲ್ಲಿನ ಕೆಳಗೆ ಸುಣ್ಣ ಹಾಕಿದ್ದು ನಾನು. ಕಾಲು ಸುಟ್ಟಿದ್ದು ಅದರಿಂದ. ಅವರಿಗೆ ಗೊತ್ತಿತ್ತು."

ಬೂಬಮ್ಮ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, ಗೋಡೆ ಹಿಡಿದು ಎದ್ದು ಹೋಗಿ ಬೀದಿಬಾಗಿಲನ್ನು ಪೂರ್ತಿ ತೆರೆದರು. ಹೊರಗೆ ಮಾಡಿನ ಕೆಳಗೆ ಅವರ ಇಬ್ಬರು ಗಂಡುಮಕ್ಕಳು, ನೆಂಟರು, ತಲೆ ನರೆತ ಜಟಕಾದವರು, ಎಲ್ಲ ಕೂತಿದ್ದರು.

"ಗಟ್ಟಿಯಾಗಿ ಹೇಳಮ್ಮ" ಎಂದರು. "ಅವರೂ ಕೇಳಲಿ."

ನಾನು ಹೊಸ್ತಿಲಿಗೆ ಬಂದು ನಿಂತು, ಗಟ್ಟಿಯಾಗಿ ಹೇಳಿದೆ.