ಎಣ್ಣೆ ಹಚ್ಚಿಕೊಂಡು ಕಾಡಿಗೆ

ಇದು ಆಗುವ ಕೆಲಸವಲ್ಲ ಎಂದು ಮೊದಲು ಹೇಳಿದವರು ನನ್ನ ಸೋದರಮಾವ. ತೀರ್ಥಹಳ್ಳಿಯಲ್ಲಿ ಅವರದೊಂದು ಪಂಕ್ಚರ್ ಅಂಗಡಿ. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡುತ್ತ, ತಲೆ ಎತ್ತದೆ ಹೇಳಿದರು:

"ಕಾಡಿಗೆ ಹೋಗಿ ಜ್ವರ ಬಂದೋರ್ನ ಆಸ್ಪತ್ರೆಗೆ ತಗೊಂಡ್ ಹೋಗೋ ಊರು ಇದು. ನೀನು ನೋಡಿದ್ರೆ ಮನಸ್ಸು ಸರಿ ಮಾಡ್ತೀನಿ ಅಂತ ಜನರನ್ನ ಕಾಡಿಗೆ ಕರ್ಕೊಂಡ್ ಹೋಗ್ತೀನಿ ಅಂತೀಯ. ಯಾರು ಬರ್ತಾರೆ ಮಾರಾಯ್ತಿ?"

ಅಮ್ಮನೂ ಅದನ್ನೇ ಹೇಳಿದಳು. ಆದರೆ ಅಮ್ಮ ನಾನು ಪಿಯುಸಿಗೆ ಸೇರುವಾಗಲೂ ಆಗಲ್ಲ ಎಂದಿದ್ದಳು, ಡಿಗ್ರಿಗೆ ಸೇರುವಾಗಲೂ ಆಗಲ್ಲ ಎಂದಿದ್ದಳು. ಹಾಗಾಗಿ ಅವಳ ಮಾತನ್ನು ನಾನು ಹಿಡಿಯಲಿಲ್ಲ. ಮಾವನ ಮಾತು ಮಾತ್ರ ಕುಟುಕಿತು, ಏಕೆಂದರೆ ಅದರಲ್ಲಿ ಸುಳ್ಳಿರಲಿಲ್ಲ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಅಜ್ಜ ಇನ್ನೊಬ್ಬರ ಗದ್ದೆಯನ್ನು ಗೇಣಿಗೆ ಮಾಡಿದವರು. ಅಪ್ಪನ ಕಾಲಕ್ಕೆ ಗದ್ದೆ ನಮ್ಮದಾಯಿತು. ನನ್ನ ಕಾಲಕ್ಕೆ ಮನೆಗೆ ಪುಸ್ತಕ ಬಂತು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸುಮ್ಮನೆ ಬಂದದ್ದಲ್ಲ ಅದು. ನಮ್ಮ ಮನೆಯಿಂದ ಬಸ್ಸಿನ ದಾರಿ ದೂರವಿದ್ದುದರಿಂದ ಕಾಲೇಜಿನ ವರ್ಷಗಳನ್ನೆಲ್ಲ ಮೇಳಿಗೆ ಕಡೆಯ ಚಿಕ್ಕಮ್ಮನ ಮನೆಯಲ್ಲಿ ಕಳೆದೆ. ಬೆಳಗಿನ ಬಸ್ಸಿಗೆ ಚಿಕ್ಕಪ್ಪ ಬ್ಯಾಟರಿ ಹಿಡಿದು ರಸ್ತೆಯವರೆಗೂ ಬರುತ್ತಿದ್ದರು. ಮಂಜಿನಲ್ಲಿ ಬಸ್ಸಿನ ದೀಪ ಕಾಣುವ ತನಕ ನನ್ನನ್ನು ರೇಗಿಸುವುದೇ ಅವರ ಕೆಲಸ.

"ಡಿಗ್ರಿ ಆದ್ಮೇಲೆ ನಮ್ಮನ್ನ ಮಾತಾಡಿಸ್ತೀಯಾ, ಇಲ್ಲ ಅರ್ಜಿ ಕೊಟ್ಟು ಬರ್ಬೇಕಾ?"

"ಅರ್ಜಿ ಜೊತೆ ಎರಡು ಫೋಟೋನೂ ತಗೊಂಡ್ ಬನ್ನಿ ಚಿಕ್ಕಪ್ಪ."

"ಹಂಗಾದ್ರೆ ಗಡ್ಡ ತೆಗಿಸ್ಬೇಕಾಯ್ತು" ಎಂದು ಗಲ್ಲ ಸವರಿಕೊಳ್ಳುತ್ತಿದ್ದರು.

ನಾನು ಸಮಾಜಕಾರ್ಯದ ಎಂ.ಎ. ಮಾಡುತ್ತಿದ್ದ ವರ್ಷದ ಬೇಸಿಗೆಯಲ್ಲಿ ಚಿಕ್ಕಪ್ಪ ಹೋದರು. ಕೊಟ್ಟಿಗೆಗೆ ಹಾಸಲು ಕಾಡಿನಿಂದ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತಂದವರಿಗೆ ಕೆಲವು ದಿನಗಳಲ್ಲಿ ಜ್ವರ ಬಂತು. ಮಂಗನ ಕಾಯಿಲೆ. ಕಾಡಿನ ಉಣುಗು ಎಂಬ ಉಣ್ಣೆಹುಳ ಕಚ್ಚಿ ಬರುವ ಜ್ವರ ಅದು. ತೀರ್ಥಹಳ್ಳಿ, ಹೊಸನಗರ, ಸಾಗರ, ಈ ಮೂರು ತಾಲ್ಲೂಕಿನವರಿಗೆ ಅದರ ಹೆಸರು ಹೇಳಿದರೆ ಸಾಕು. ಆಸ್ಪತ್ರೆಯಿಂದ ಚಿಕ್ಕಪ್ಪ ಮರಳಲಿಲ್ಲ. ಚಿಕ್ಕಮ್ಮ ಅಳಲಿಲ್ಲ. ಹಸುಗಳನ್ನು ಮಾರಿದಳು. ಮನೆಯ ಹಿಂದಿನ ಗುಡ್ಡದ ಕಡೆ ಮತ್ತೆ ಕಾಲಿಡಲಿಲ್ಲ. ಹಿತ್ತಿಲ ಬಾಗಿಲಿಗೆ ಹಗಲಿನಲ್ಲೂ ಚಿಲಕ.

ಓದು ಮುಗಿಸಿ ನಾನು ಸೇರಿದ ಕೆಲಸ ಹೊಸನಗರ, ಸಾಗರದ ಕಡೆ ಮನೆಮನೆಗೆ ಹೋಗಿ, ನೊಂದವರನ್ನು ಮಾತನಾಡಿಸುವುದು. ಆ ಜ್ವರಕ್ಕೆ ಒಬ್ಬರನ್ನು ಕಳೆದುಕೊಂಡ ಮನೆಗಳಲ್ಲೆಲ್ಲ ಅಂಥದೇ ಚಿಲಕ ಕಂಡೆ. ಹುಟ್ಟಿದಾಗಿನಿಂದ ಕಾಡಿನಲ್ಲೇ ಓಡಾಡಿದ ಹೆಂಗಸರು ಎಲೆ ಅಲುಗಿದರೆ ಮೈ ಹಿಡಿ ಮಾಡಿಕೊಳ್ಳುತ್ತಿದ್ದರು. ಸತ್ತವರ ಜೊತೆ ಕಾಡೂ ಹೋಗಿಬಿಟ್ಟಿತ್ತು ಅವರ ಪಾಲಿಗೆ.

ಅದೇ ಹೊತ್ತಿಗೆ ಮೈಸೂರಿನ ಒಬ್ಬ ಮೇಡಂ ಕಾಡಿನಲ್ಲಿ ಶಿಬಿರ ಮಾಡಿ ಮನಸ್ಸಿನ ಭಾರ ಇಳಿಸುವುದನ್ನು ಕಲಿಸುತ್ತಾರೆಂದು ತಿಳಿದು ಅವರಲ್ಲಿ ಸೇರಿದೆ. ರಜೆ ಹಾಕಿ, ಬಸ್ಸಿನಲ್ಲಿ ನಿದ್ದೆ ಮಾಡಿ ಕಲಿತೆ. ಅವರ ಶಿಬಿರಕ್ಕೆ ಬರುವವರು ಊರು ಬಿಟ್ಟು ದಣಿದವರು, ಸುಮ್ಮನೆ ಕೂರಲು ಹಂಬಲಿಸುವವರು. ಕೊನೆಗೆ ನಾನೇ ಒಂದು ಶಿಬಿರ ನಡೆಸಿ ತೋರಿಸಬೇಕು, ಅವರು ಬಂದು ನೋಡಬೇಕು, ಸರಿ ಅನಿಸಿದರೆ ಸರ್ಟಿಫಿಕೇಟು. ನಾನು ಚಿಲಕ ಹಾಕಿಕೊಂಡ ಮನೆಗಳ ಹೆಂಗಸರನ್ನೇ ಕರೆಯುತ್ತೇನೆ ಎಂದೆ. ಕಷ್ಟದ್ದನ್ನೇ ಆರಿಸಿಕೊಂಡೆಯಲ್ಲ ಎಂದರು ಮೇಡಂ.

ಹುಲಿಕಲ್ಲಿನ ಹತ್ತಿರ, ಮಕ್ಕಳಿಲ್ಲದೆ ಮುಚ್ಚಿದ ಶಾಲೆಯ ಕಟ್ಟಡವೊಂದನ್ನು ಊರಿನವರು ಬಿಟ್ಟುಕೊಟ್ಟರು. ದಸರೆ ಕಳೆದು ಮಳೆ ತೆಳುವಾದ ಹೊತ್ತು. ಉಣುಗಿನ ಕಾಲ ಇನ್ನೂ ದೂರವಿತ್ತು. ಬೇಕೆಂದೇ ಆ ವಾರ ಆರಿಸಿದ್ದೆ. ಪಾತ್ರೆ, ಅಕ್ಕಿ ಸಾಗಿಸಲು ಮಾವ "ಆಗಲ್ಲ, ನೋಡ್ತಿರು" ಎನ್ನುತ್ತಲೇ ತಮ್ಮ ವ್ಯಾನನ್ನು ಕೊಟ್ಟರು, ತಾವೇ ಓಡಿಸಿಕೊಂಡೂ ಬಂದರು. ಅಡುಗೆಗೆ ಚಿಕ್ಕಮ್ಮನನ್ನು ಕರೆದೆ.

"ಅಡುಗೆ ಮಾಡ್ಕೊಡ್ತೀನಿ. ಮರದ ಬುಡಕ್ಕೆ ಕೂರು ಅಂದ್ರೆ ಎದ್ದು ಬಸ್ ಹತ್ತತೀನಿ" ಎಂದಳು.

ಆದರೆ ಬರಬೇಕಾದವರಲ್ಲಿ ಒಬ್ಬರು ಬರಲಿಲ್ಲ. ಮೇಡಂ ಹೇಳಿದ್ದ ಲೆಕ್ಕಕ್ಕೆ ಒಬ್ಬರು ಕಡಿಮೆಯಾದರು. ಲೆಕ್ಕ ತುಂಬಲೆಂದು ಚಿಕ್ಕಮ್ಮ ಸೌಟು ಹಿಡಿದುಕೊಂಡೇ ಸೇರಿದಳು.

ಮೊದಲ ದಿನ ಶಾಲೆಯ ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ, ಕಣ್ಣು ಮುಚ್ಚಿ, ಉಸಿರನ್ನು ಗಮನಿಸಿ ಎಂದೆ. ಯಾರೂ ಕಣ್ಣು ಮುಚ್ಚಲಿಲ್ಲ. ಎಲ್ಲರೂ ತಮ್ಮ ತಮ್ಮ ಪಾದ ನೋಡಿಕೊಳ್ಳುತ್ತಿದ್ದರು. ಸಾಗರದ ಕಡೆಯಿಂದ ಬಂದಿದ್ದ ಒಬ್ಬರು ಕೊನೆಗೂ ಕೇಳಿದರು, "ಉಸ್ರು ಆಮೇಲೆ ನೋಡನ. ಎಣ್ಣೆ ಎಲ್ಲಿದ್ದು?"

ಉಣುಗು ಹತ್ತದಂತೆ ಆರೋಗ್ಯ ಕೇಂದ್ರದವರು ಕೊಡುವ ಎಣ್ಣೆ. ಇದು ಉಣುಗಿನ ಕಾಲವಲ್ಲ ಎಂದೆ. "ಇಂಬಳಕ್ಕಾದ್ರೂ ಆಗ್ತು, ತಾ" ಎಂದರು, ಒದ್ದೆ ಹುಲ್ಲಿನ ಜಿಗಣೆಗಳನ್ನು ನೆನೆದು. ಹೇಗೂ ಇರಲಿ ಎಂದು ತಂದಿದ್ದೆ, ಬಾಟಲಿ ತೆಗೆದೆ. ಹಿಮ್ಮಡಿಯ ಹಿಂದಕ್ಕೆ ಕೈ ಸರಿಯಾಗಿ ಎಟುಕದ ಹೊಸನಗರದ ಹಿರಿಯ ಹೆಂಗಸೊಬ್ಬರಿಗೆ ಪಕ್ಕದವರು ಹಚ್ಚಿಕೊಟ್ಟರು. ಅದನ್ನು ನೋಡಿ ಒಬ್ಬರಿಗೊಬ್ಬರು ಹಚ್ಚತೊಡಗಿದರು. ಆ ಹಿರಿಯರು ತಮ್ಮ ಕಾಲನ್ನು ಬೇರೆಯವರ ಕಾಲು ನೋಡಿದಂತೆ ನೋಡುತ್ತ ಹೇಳಿದರು, "ಬಾಣಂತಿ ಆದಾಗ ಬಿಟ್ರೆ ನನ್ ಕಾಲಿಗೆ ಯಾರೂ ಎಣ್ಣೆ ಹಚ್ಚಿರ್ಲಿಲ್ಲ ಕಣೇ."

ಪಕ್ಕದವರು ಅವರ ಇನ್ನೊಂದು ಕಾಲನ್ನೂ ತಮ್ಮ ಕಡೆ ಎಳೆದುಕೊಂಡರು. ಶಿಬಿರ ನೋಡಲು ಬಂದಿದ್ದ ಮೇಡಂ ಹತ್ತಿರ ಬಂದು, ಸೀರೆ ಸ್ವಲ್ಪ ಎತ್ತಿ, ತಮ್ಮ ಕಾಲನ್ನೂ ಚಾಚಿದರು. ಈಗಲೂ ನನ್ನ ಶಿಬಿರಗಳು ಶುರುವಾಗುವುದು ಎಣ್ಣೆಯಿಂದಲೇ. ಆ ಔಷಧದ ಕಮಟು ಮೂಗಿಗೆ ಬಡಿದರೆ ಸಾಕು, ಆ ಶಾಲೆಯ ಅಂಗಳ, ಒದ್ದೆ ಕಟ್ಟೆ, ಸಾಲಾಗಿ ಚಾಚಿದ ಬಿರುಕು ಪಾದಗಳು ಕಣ್ಣ ಮುಂದೆ ಬರುತ್ತವೆ.

ಸಂಜೆ ಒಂದು ಗಂಟೆ ಹೊತ್ತು ಒಬ್ಬೊಬ್ಬರೇ ಕಾಡಿನೊಳಗೆ ಹೋಗಿ, ಏನೂ ಮಾಡದೆ, ಖಾಲಿ ಕೈಯಲ್ಲಿ ಕೂತು ಬರಬೇಕಿತ್ತು. ಇದೇ ಶಿಬಿರದ ಮುಖ್ಯ ಭಾಗ. ಹೆದರುತ್ತ ಹೋದರು. ಒಬ್ಬರಿಗೊಬ್ಬರು ಕೂಗು ಹಾಕುತ್ತ, ಕಣ್ಣಳತೆಯಲ್ಲೇ ಕೂತರು. ಮರಳುವಾಗ ನೋಡಿದರೆ ಒಬ್ಬರ ಮಡಿಲಲ್ಲಿ ಉಪ್ಪಾಗೆ ಹಣ್ಣು, ಇನ್ನೊಬ್ಬರ ಕೈಯಲ್ಲಿ ಪೊರಕೆ ಹುಲ್ಲು. ಹೊಸನಗರದ ಹಿರಿಯರು ಬಳ್ಳಿಯಲ್ಲಿ ಬಿಗಿದ ಸೌದೆ ಹೊರೆಯನ್ನು ತಲೆಯ ಮೇಲೆ ಹೊತ್ತಿದ್ದರು.

"ಏನೂ ಮಾಡಬಾರದು ಅಂತ ಹೇಳಿದ್ದೆವಲ್ಲ?" ಎಂದರು ಮೇಡಂ.

"ಎಂತ ಮಾಡಿದೀನಿ ಮೇಡಂ? ಕೂತಿದ್ದೆ. ಕಣ್ಣಿಗೆ ಬಿತ್ತು. ಬಿಟ್ಟು ಬರೋಕಾಗ್ತದಾ?" ಎಂದರು ಹಿರಿಯರು, ಹೊರೆ ಇಳಿಸುತ್ತ.

ಮೇಡಂಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ನನಗೆ ಒಳಗೊಳಗೇ ಹಿಗ್ಗು. ಎಷ್ಟೋ ವರ್ಷದಿಂದ ಕಾಡಿಗೆ ಬೆನ್ನು ಹಾಕಿದ್ದವರ ಕೈಗಳು ಒಂದು ಗಂಟೆಯಲ್ಲಿ ಹಳೆಯ ಚಾಳಿಗೆ ಮರಳಿದ್ದವು.

ಚಿಕ್ಕಮ್ಮ ಮಾತ್ರ ಹೋಗಿರಲಿಲ್ಲ. ಅನ್ನ ತಳ ಹಿಡಿಯುತ್ತದೆ ಎಂದು ನೆಪ ಹೇಳಿದ್ದಳು. ಊಟವಾದ ಮೇಲೆ ಜಗುಲಿಯಲ್ಲಿ ಮೇಡಂ ನನಗೆ ಹೇಳಿದರು, "ನಾಳೆ ಅವರೂ ಹೋಗಬೇಕು. ಗುಂಪಿನ ಎಲ್ಲರೂ ಒಂಟಿಯಾಗಿ ಕೂತು ಬರದಿದ್ದರೆ ಶಿಬಿರ ಪೂರ್ತಿಯಾದ ಹಾಗಲ್ಲ. ನಾನು ಸಹಿ ಹಾಕುವುದಕ್ಕೆ ಆಗುವುದಿಲ್ಲ." ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಚಿಕ್ಕಮ್ಮ ಕೇಳಿಸಿಕೊಂಡಿದ್ದಳು.

ಮರುದಿನ ಬೆಳಿಗ್ಗೆ ಅವಳು ಮೊಣಕೈವರೆಗೂ ಎಣ್ಣೆ ಸುರಿದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎಲ್ಲರಿಗಿಂತ ಮೊದಲು ಹೊರಟಳು. ಉಳಿದವರು ಅವಳನ್ನು ದಾಟಿ ಮರಗಳ ನಡುವೆ ಹೋದರು. ಹುಲ್ಲು ಮುಗಿದು ತರಗೆಲೆ ಶುರುವಾಗುವ ಕಡೆ ಚಿಕ್ಕಮ್ಮ ನಿಂತಳು. ಒಂದು ಕಾಲು ಮುಂದಿಟ್ಟಳು, ತೆಗೆದಳು. ಎಣ್ಣೆ ಹಚ್ಚಿದ ಕೈಯ ಮೇಲೆ ಬೆವರು ಹನಿಹನಿಯಾಗಿ ನಿಂತಿತ್ತು.

ನಾನು ಹತ್ತಿರ ಹೋದೆ. "ಆಗ್ತದಾ ಚಿಕ್ಕಮ್ಮ?"

"ಆಗ್ದೆ ಎಂತ. ಕಣ್ಣು ಮುಚ್ಕೊಂಡು ಹೋಗಿ ಕೂತು ಬರ್ತೀನಿ. ನಿನ್ ಸರ್ಟಿಫಿಕೇಟು ನನ್ನಿಂದ ತಪ್ಪೋದು ಬೇಡ."

ಶಾಲೆಯ ಮೆಟ್ಟಿಲ ಮೇಲೆ ಮೇಡಂ ನಿಂತು ನೋಡುತ್ತಿದ್ದರು. ಇನ್ನು ಇಪ್ಪತ್ತು ಹೆಜ್ಜೆ ಹೋಗಿ ಅವಳು ಕೂತುಬಿಟ್ಟರೆ ನನ್ನ ಪರೀಕ್ಷೆ ಮುಗಿಯುತ್ತಿತ್ತು. ನನಗೆ ಆ ಕಾಗದ ಬೇಕಿತ್ತು. ಬೇಡವಾಗಿತ್ತು ಎಂದು ಈಗ ದೊಡ್ಡ ಮಾತು ಆಡುವುದಿಲ್ಲ. ಆದರೆ ನನ್ನ ಬಸ್ಸಿನ ಬುತ್ತಿ ಕಟ್ಟಿ ಕಟ್ಟಿ ಸವೆದ ಕೈ ಅದು. ಅದನ್ನು ಹಿಡಿದುಕೊಂಡೆ.

"ನನಗೋಸ್ಕರ ಹೋಗೋದಾದ್ರೆ ಬೇಡ" ಎಂದೆ.

"ಹುಚ್ಚಾ ನಿಂಗೆ? ಅಷ್ಟು ಓಡಾಡಿದ್ದೀಯ."

"ಇನ್ನೊಂದ್ಸಲ ಓಡಾಡ್ತೀನಿ. ಕೂತ್ಕೋ."

ಹುಲ್ಲಿನ ಮೇಲೆ, ಕಾಡಿಗೆ ಬೆನ್ನು ಹಾಕಿ ಕೂತೆವು. ಅವಳು ಹುಲ್ಲು ಕಿತ್ತು ಕಿತ್ತು ಬಿಸಾಡಿದಳು. ಆಮೇಲೆ ನೆಲ ನೋಡುತ್ತ ಶುರು ಮಾಡಿದಳು.

"ಅವತ್ತು ದರಗಿಗೆ ಹೋಗ್ಬೇಕಿದ್ದದ್ದು ನಾನು. ಸಂಘದ ಮೀಟಿಂಗ್ ಇತ್ತು. ನೀ ಹೋಗು, ದರಗು ನಾ ತರ್ತೀನಿ ಅಂದ್ರು. ಎಣ್ಣೆ ಬಾಟ್ಲಿ ಅಲ್ಲೇ ಗೂಡಲ್ಲಿತ್ತು ಮಗಾ. ಹಚ್ಕೊಂಡ್ರಾ ಅಂತ ಒಂದ್ ಮಾತು ಕೇಳ್ಳಿಲ್ಲ ನಾನು."

ನಿನ್ನ ತಪ್ಪಿಲ್ಲ ಎನ್ನುವ ಮಾತು ಬಾಯಿಗೆ ಬಂದಿತ್ತು. ನಾನು ಓದಿದ್ದರಲ್ಲೆಲ್ಲ ಅದೇ ಇತ್ತು. ಆಡಲಿಲ್ಲ. ಬದಲಿಗೆ, ಮೀಟಿಂಗಿಗೆ ಯಾವ ಸೀರೆ ಉಟ್ಟಿದ್ದೆ ಎಂದು ಕೇಳಿದೆ.

ಅವಳು ನನ್ನ ಮುಖ ನೋಡಿದಳು. "ಹಸಿರಿಂದು. ನೀ ಮೊದಲ್ನೇ ಸಂಬಳದಲ್ಲಿ ತಂದಿದ್ದಲ್ಲ, ಅದಕ್ಕಿಂತ ಹಿಂದಿಂದು. ಗುಡ್ಡ ಹತ್ತೋ ಮುಂಚೆ ತಿರುಗಿ ನೋಡಿ, ಅಧ್ಯಕ್ಷೆ ಥರ ಕಾಣ್ತೀಯ ಅಂದ್ರು. ನಾನು ನಗಾಡ್ಕೊಂಡೇ ಹೋದೆ."

ಆಗ ಅತ್ತಳು. ಇಷ್ಟು ವರ್ಷ ಅಳದವಳು ಸೆರಗು ಬಾಯಿಗೆ ಒತ್ತಿಕೊಂಡರೂ ಕಾಡಿನೊಳಗಿದ್ದವರಿಗೆಲ್ಲ ಕೇಳುವಂತೆ ಅತ್ತಳು. ಹೋದವರು ಒಬ್ಬೊಬ್ಬರಾಗಿ ಮರಳಿ, ಏನೂ ಕೇಳದೆ ಸುತ್ತ ಕೂತರು. ಅವತ್ತಿನ ಅಡುಗೆ ಅವರೇ ಮಾಡಿದರು.

ಚಿಕ್ಕಮ್ಮ ಆ ಶಿಬಿರದಲ್ಲಿ ಕಾಡಿನೊಳಗೆ ಹೋಗಲೇ ಇಲ್ಲ. ಕೊನೆಯ ದಿನ ಮೇಡಂಗೆ ನಾನೇ ಹೇಳಿದೆ, ಚಿಕ್ಕಮ್ಮ ಹೊರಟಿದ್ದಳು, ತಡೆದವಳು ನಾನು ಎಂದು. "ನೋಡಿದೆ" ಎಂದಷ್ಟೇ ಹೇಳಿ ಬಸ್ಸು ಹತ್ತಿದರು. ಮಾವ ಪಾತ್ರೆಗಳನ್ನು ವ್ಯಾನಿಗೆ ತುಂಬುತ್ತ, "ಜನ ಬಂದ್ರು, ಅದೊಂದು ನಾ ಅಂದ್ಕೊಂಡಿರ್ಲಿಲ್ಲ" ಎಂದರು. ಅವರ ಬಾಯಲ್ಲಿ ಅದು ಹೊಗಳಿಕೆಯೇ. ಆದರೂ ವಾರಗಳು ಕಳೆದವು, ಮೈಸೂರಿನಿಂದ ಸುದ್ದಿ ಇಲ್ಲ. ಇನ್ನೊಂದು ಶಿಬಿರಕ್ಕೆ ಮತ್ತೆ ಜಾಗ, ಜನ, ರಜೆ ಎಲ್ಲಿಂದ ತರುವುದೆಂದು ಯೋಚಿಸುತ್ತಿದ್ದಾಗ ಫೋನ್ ಬಂತು. ಸಾಗರಕ್ಕೆ ಒಂದು ಸಭೆಗೆ ಬರುತ್ತಿದ್ದೇನೆ, ಮನೆಯವರೊಬ್ಬರನ್ನು ಕರೆದುಕೊಂಡು ಬಾ ಎಂದರು ಮೇಡಂ.

ಚಿಕ್ಕಮ್ಮನನ್ನು ಕರೆದುಕೊಂಡು ಹೋದೆ. ಸಭೆ ಮುಗಿದು ಕುರ್ಚಿಗಳನ್ನು ಎತ್ತುತ್ತಿದ್ದರು. ಮೇಡಂ ಚೀಲದಿಂದ ಸರ್ಟಿಫಿಕೇಟು ತೆಗೆದರು.

"ಎಲ್ಲರೂ ಹೋಗಲೇಬೇಕು ಅನ್ನುವ ನಿಯಮ ಬರೆದವಳು ನಾನೇ. ತಿದ್ದುವುದಕ್ಕೆ ಇಷ್ಟು ದಿನ ಹಿಡಿಯಿತು" ಎಂದು ಅದನ್ನು ಚಿಕ್ಕಮ್ಮನ ಕೈಗೆ ಕೊಟ್ಟರು. "ನೀವೇ ಕೊಡಿ."

ಚಿಕ್ಕಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ತೆಗೆದುಕೊಂಡಳು. ನನ್ನ ಹೆಸರಿನ ಮೇಲೆ ಬೆರಳಾಡಿಸಿ, ಅಕ್ಷರ ಅಕ್ಷರವಾಗಿ ಓದಿ ಮುಗಿಸಿದ ಮೇಲೆಯೇ ನನ್ನ ಕೈಯಲ್ಲಿಟ್ಟಳು. ಇಟ್ಟ ಕೈಯನ್ನು ಹಿಂದಕ್ಕೆ ತೆಗೆಯದೆ ಹೇಳಿದಳು:

"ಬರೋ ಭಾನುವಾರ ಮನೆಗೆ ಬಾ. ಹಿಂದಿನ ಗುಡ್ಡದಲ್ಲಿ ನಿಮ್ ಚಿಕ್ಕಪ್ಪ ಕೊನೆಗೆ ದರಗು ಗುಡಿಸಿದ ಜಾಗ ನೋಡ್ಬೇಕು. ಒಬ್ಳೇ ಹೋಗೋಕೆ ನಂಗಿನ್ನೂ ಆಗಲ್ಲ."