ಪುಕ್ಕಲು ದೊಡ್ಡವ್ವ

ನಮ್ಮ ದೊಡ್ಡವ್ವ ಕಣ್ಣು ಮುಚ್ಚಿಕೊಂಡು ನೀರು ಸೇದುತ್ತಿದ್ದಳು. ಬಗ್ಗಿ ನೋಡಿದವರನ್ನು ಬಾವಿ ಒಳಕ್ಕೆ ಎಳೆದುಕೊಳ್ಳುತ್ತದೆ ಎಂಬುದು ಅವಳ ನಂಬಿಕೆ. ಹಗ್ಗ ಇಳಿಬಿಟ್ಟು, ಕೊಡ ಮುಳುಗಿದ ಸದ್ದು ಕಿವಿಗೆ ಬಿದ್ದ ಮೇಲೆ, ರೆಪ್ಪೆ ಬಿಗಿದುಕೊಂಡೇ ಮೇಲಕ್ಕೆ ಜಗ್ಗುವಳು. ಬಾವಿಕಟ್ಟೆಯ ಹೆಂಗಸರು ನಕ್ಕರೆ, ‘ನಗ್ರವ್ವ ನಗ್ರಿ. ಬಿದ್ಮೇಲೆ ನಗಕಾಗಕಿಲ್ಲ’ ಎನ್ನುವಳು.

ಹೆಸರು ನಿಂಗವ್ವ. ನಮ್ಮವ್ವನ ಅಕ್ಕ. ಸಣ್ಣ ವಯಸ್ಸಿಗೇ ಗಂಡ ತೀರಿಕೊಂಡ ಮೇಲೆ ಮಕ್ಕಳಿಲ್ಲದ ಅವಳು ತವರಿಗೆ ವಾಪಸು ಬಂದಳು. ಅಪ್ಪ ಮನೆಅಳಿಯನಾಗಿ ಬಂದವನಾದ್ದರಿಂದ ದೊಡ್ಡಮಳೂರಿನ ನಮ್ಮ ಮನೆಯೇ ಅವಳ ತವರು. ರೈಲು ಕೂಗಿದರೆ ಎರಡು ಕಿವಿಗೂ ಬೆರಳಿಟ್ಟುಕೊಳ್ಳುವಳು. ಅಮಲ್ದಾರರ ಕಡೆಯ ಜವಾನ ಬೀದಿಯಲ್ಲಿ ಕಂಡರೆ ಕಣಜದ ಹಿಂದೆ ಅವಿತುಕೊಳ್ಳುವಳು. ಎಲ್ಲಕ್ಕಿಂತ ಹೆಚ್ಚಿನ ಭಯ ಆಸ್ಪತ್ರೆಯದು. ಪ್ಲೇಗಿನ ಕಾಲದಲ್ಲಿ ನಮ್ಮ ಬೀದಿಯ ಒಂದು ಕುಟುಂಬವನ್ನು ಸರ್ಕಾರದವರು ಊರಾಚೆಯ ಗುಡಿಸಲುಗಳಿಗೆ ಸಾಗಿಸಿದ್ದರಂತೆ. ಅವರಲ್ಲಿ ಯಾರೂ ಹಿಂತಿರುಗಲಿಲ್ಲ. ಅಂದಿನಿಂದ ಔಷಧಿಯ ವಾಸನೆ ಬಂದರೂ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು.

ನನ್ನನ್ನು ಕನಕಪುರದ ಕಡೆಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಹೆಣ್ಣುಮಗು ಸುಸೂತ್ರವಾಗಿ ಹುಟ್ಟಿತು. ಎಲ್ಲರಿಗೂ ನೆಮ್ಮದಿಯಾಯಿತು, ದೊಡ್ಡವ್ವನಿಗೆ ಮಾತ್ರ ಆಗಲಿಲ್ಲ. ಕತ್ತಲು ಕತ್ತಲಾಗಿದ್ದ ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು ದಿನವೂ ಒಂದೇ ಮಾತು ಕೇಳುವಳು: ‘ಎದೆ ಎಂಗದೆ ಮಗ?’

ಆ ಪ್ರಶ್ನೆ ನನಗೆ ನಾಚಿಕೆ ತರಿಸುತ್ತಿತ್ತು. ಚೆನ್ನಾಗಿದೆ ಎನ್ನುತ್ತಿದ್ದೆ. ನಿಜಕ್ಕೂ ಮಗು ಬಾಯಿ ಹಾಕಿದಾಗಲೆಲ್ಲ ಮುಳ್ಳು ಕಿತ್ತಂತೆ ಆಗುತ್ತಿತ್ತು. ಬಲಗಡೆಯ ತೊಟ್ಟು ಒಡೆದು ರಕ್ತ ಜಿನುಗುತ್ತಿತ್ತು. ನೋವು ತಡೆಯಲಾರದೆ ಆ ಕಡೆ ಕುಡಿಸುವುದನ್ನು ಬಿಟ್ಟೆ. ಹಾಲು ಕಟ್ಟಿಕೊಂಡಿತು. ಕಂಕುಳ ಕೆಳಗೆ ನಿಂಬೆಕಾಯಿಯಷ್ಟು ಗಡ್ಡೆ ಕೈಗೆ ಸಿಕ್ಕಿತು. ಮರುದಿನ ಹಲ್ಲು ಕಟಕಟಿಸುವ ಚಳಿ, ಅದರ ಹಿಂದೆಯೇ ಜ್ವರ.

ಅವ್ವ ದೃಷ್ಟಿ ತೆಗೆದಳು. ಹರಳೆಲೆ ಬಾಡಿಸಿ ಕಟ್ಟಿದಳು. ಯಾರೋ ಹೇಳಿದರೆಂದು ಮಲ್ಲಿಗೆ ಹೂವನ್ನೂ ಅರೆದು ಹಚ್ಚಿದಳು. ಗಡ್ಡೆ ಇಳಿಯಲಿಲ್ಲ. ಎದೆಯ ಚರ್ಮ ಕೆಂಪಾಗಿ, ಬಿಗಿದು, ಹೊಳೆಯತೊಡಗಿತು. ರವಿಕೆಯ ಬಟ್ಟೆ ಸೋಕಿದರೂ ಚೀರುವಂತಾಗುತ್ತಿತ್ತು. ಆದರೆ ನೋವಿಗಿಂತ ದೊಡ್ಡದೊಂದು ಭಯ ನನ್ನನ್ನು ಹಿಡಿದಿತ್ತು. ಅದನ್ನು ಯಾರಿಗೂ ಹೇಳಲಾರದೆ ಹೋದೆ. ನನಗೆ ನನ್ನ ಮಗುವಿನ ಭಯ. ಅದು ತುಟಿ ಚಾಚಿ ಹುಡುಕಿದರೆ ಸಾಕು, ನನ್ನ ಬೆನ್ನು ಸೆಟೆದುಕೊಳ್ಳುತ್ತಿತ್ತು. ಅತ್ತಾಗ ಮುಖವನ್ನು ಗೋಡೆಗೆ ಹೊರಳಿಸುತ್ತಿದ್ದೆ. ಹೆತ್ತ ಕೂಸಿಗೆ ಹೆದರುವ ನಾನೆಂಥ ತಾಯಿ ಎಂದುಕೊಂಡು ಅಳುತ್ತಿದ್ದೆ.

ಒಂದು ಮಧ್ಯಾಹ್ನ ಹಾಗೆ ಗೋಡೆ ಕಡೆ ತಿರುಗಿ ಮಲಗಿದ್ದಾಗ ದೊಡ್ಡವ್ವ ಒಳಗೆ ಬಂದಳು. ಏನೂ ಕೇಳದೆ ಸೆರಗು ಸರಿಸಿ ನೋಡಿದಳು. ಅವಳ ಮುಖ ಬಿಳಿಚಿಕೊಂಡಿದ್ದನ್ನು ನಾನು ಕಂಡೆ. ಸರಸರನೆ ಅಡುಗೆಮನೆಗೆ ಹೋದಳು. ಗೋಡೆಯಾಚೆಯಿಂದ ಮಾತು ಕೇಳಿಸಿತು.

‘ಪ್ಯಾಟೆ ಆಸ್ಪತ್ರೇಲಿ ಎಂಗ್ಸು ಡಾಕ್ಟ್ರು ಬಂದವ್ರಂತೆ. ಈಗ್ಲೇ ಕರ್ಕೊಂಡೋಗಾನ.’

‘ನಿಂಗೇನು ಬುದ್ದಿಗಿದ್ದಿ ಕೆಟ್ಟದಾ ಅಕ್ಕ? ಬಾಣ್ತಿ ಮೈಗೆ ಗಾಳಿ ಸೋಕಿದ್ರೆ ಸನ್ನಿ ಆಯ್ತದೆ. ಸೂತ್ಕ ಕಳಿಯೋಗಂಟ ವಸ್ಲು ದಾಟ್ಸಕಿಲ್ಲ’ ಎಂದಳು ಅವ್ವ.

‘ಕೆಂಪಿಗೂ ಇಂಗೇ ಅಂದ್ರು.’

ಕೆಂಪಿ ಎಂದರೆ ಅವರಿಬ್ಬರ ತಂಗಿ, ನಾನು ಕಾಣದ ಚಿಕ್ಕವ್ವ. ಬಾಣಂತನದಲ್ಲಿ ಹೋದಳು ಎಂಬುದಷ್ಟೇ ನನಗೆ ಗೊತ್ತಿತ್ತು. ಹೇಗೆ ಎಂದು ಆ ಮನೆಯಲ್ಲಿ ಯಾರೂ ಹೇಳಿರಲಿಲ್ಲ.

‘ಇದೇ ಕೋಣೇಲಿ ಮಲಗಿದ್ಲು’ ಎಂದಳು ದೊಡ್ಡವ್ವ. ‘ಎದೆ ಕಲ್ಲಾಯ್ತು, ಕೆಂಡ ಆಯ್ತು, ಆಮ್ಯಾಕೆ ಮಾತೇ ನಿಂತೋಯ್ತು. ನೀನೂ ಇದ್ದೆ, ನಾನೂ ಇದ್ದೆ. ಸೂತ್ಕ ಕಳೀತು ಕಣೆ. ಕೆಂಪಿ ಉಳೀಲಿಲ್ಲ.’

ಅವ್ವ ಕಂಬಳಿ, ಹತ್ತಿ ಹುಡುಕಿ ತಂದಳು. ಜಗಲಿಯಲ್ಲಿ ಕೂತಿದ್ದ ಅಪ್ಪ ಎದ್ದುಹೋಗಿ ಗಾಡಿ ಕಟ್ಟಿದ.

ಕಂಬಳಿ ಹೊದಿಸಿ, ಕಿವಿಗೆ ಹತ್ತಿ ಇಟ್ಟು ನನ್ನನ್ನು ಹುಲ್ಲಿನ ಮೇಲೆ ಮಲಗಿಸಿದರು. ಮಗುವನ್ನು ಎತ್ತಿಕೊಂಡು ದೊಡ್ಡವ್ವ ಪಕ್ಕದಲ್ಲಿ ಕೂತಳು. ಗಾಡಿ ಕುಲುಕಿದಾಗಲೆಲ್ಲ ಎದೆಯೊಳಗೆ ಕತ್ತಿ ಆಡಿದಂತಾಗುತ್ತಿತ್ತು. ಕೆಂಪಿಯ ಸಾವನ್ನು ಕಿವಿಯಾರೆ ಕೇಳಿಸಿಕೊಂಡಿದ್ದ ನನಗೆ, ನಾನೂ ಹೋಗಿಯೇಬಿಡುತ್ತೇನೆ ಅನ್ನಿಸಿಬಿಟ್ಟಿತ್ತು.

‘ನಂಗೆ ಎದ್ರಿಕೆ ಆಯ್ತದೆ ದೊಡ್ಡವ್ವ’ ಎಂದೆ.

ಹೆದರಬೇಡ ಎನ್ನುತ್ತಾಳೆಂದುಕೊಂಡಿದ್ದೆ. ಅವಳು ಹಾಗನ್ನಲಿಲ್ಲ. ‘ನಂಗೂ ಆಯ್ತದೆ ಕಣ್ ಮಗ. ಕೈಕಾಲೆಲ್ಲ ತಣ್ಣಗಾಗವೆ, ನೋಡು ಮುಟ್ಟಿ. ಏನ್ಮಾಡದು? ಇಬ್ರೂ ಎದರ್ಕೊಂಡೇ ಓಗಾನ’ ಎಂದಳು. ಅವಳ ಕೈ ನಿಜವಾಗಿಯೂ ಮಂಜಿನಂತಿತ್ತು.

ಚನ್ನಪಟ್ಟಣದ ಆಸ್ಪತ್ರೆಯ ಮೆಟ್ಟಿಲ ಹತ್ತಿರ ದೊಡ್ಡವ್ವ ಒಂದು ಗಳಿಗೆ ನಿಂತಳು. ಸೆರಗು ಮೂಗಿಗೆ ಹೋಯಿತು. ಆಮೇಲೆ ಅದನ್ನು ಕೆಳಗಿಳಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದಳು.

ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು, ಮೆಲುದನಿಯವರು. ಬೆರಳ ತುದಿಯಿಂದ ಒತ್ತಿ ನೋಡಿ, ‘ಒಳಗೆ ಕೀವು ತುಂಬಿದೆ. ಕೊಯ್ದು ತೆಗೆಯಬೇಕು. ಇನ್ನು ತಡಮಾಡುವ ಹಾಗಿಲ್ಲ’ ಎಂದರು. ಗಡಗಡ ನಡುಗುತ್ತಿದ್ದ ದೊಡ್ಡವ್ವನನ್ನು ನೋಡಿ, ‘ನೀವು ಹೊರಗೆ ಕೂತುಕೊಳ್ಳಿ ಅಮ್ಮ’ ಎಂದರು.

‘ಆಚೆ ಕೂತ್ರೆ ಇನ್ನೂ ಎದ್ರಿಕೆ ಆಯ್ತದೆ ಕಣ್ ತಾಯಿ. ಇಲ್ಲೇ ಎದರ್ಕೊಂಡು ನಿಂತಿರ್ತೀನಿ, ನೀವು ನಿಮ್ಮ ಕೆಲ್ಸ ಮಾಡಿ.’

ಡಾಕ್ಟರಮ್ಮ ನಕ್ಕರು, ಒಪ್ಪಿದರು. ಮಗುವನ್ನು ಆಯಾ ಎತ್ತಿಕೊಂಡಳು. ದೊಡ್ಡವ್ವ ನನ್ನ ಕೈ ಹಿಡಿದಳು. ಅವಳ ನಡುಕಕ್ಕೆ ನನ್ನ ಕೈಯ ಬಳೆಗಳು ಒಂದೇ ಸಮನೆ ಸದ್ದು ಮಾಡುತ್ತಿದ್ದವು. ಕತ್ತಿ ತಾಗಿದಾಗ ನಾನು ಕಿರುಚಿದೆ, ನನ್ನ ಜೊತೆಗೆ ಅವಳೂ ಕಿರುಚಿದಳು. ಆದರೆ ಕಣ್ಣು ಮುಚ್ಚಲಿಲ್ಲ, ಕೈ ಬಿಡಲಿಲ್ಲ. ಬಟ್ಟಲು ತುಂಬ ಕೀವು ಬಂತು. ಅಷ್ಟು ದಿನ ಎದೆಯ ಮೇಲೆ ಕೂತಿದ್ದ ಗುಂಡುಕಲ್ಲನ್ನು ಯಾರೋ ಎತ್ತಿದಂತಾಯಿತು. ಕಟ್ಟು ಕಟ್ಟಿ ಮುಗಿದ ಮೇಲೆ ದೊಡ್ಡವ್ವ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡಳು.

ಗಾಯ ಮಾಯುವವರೆಗೆ ಎಡಗಡೆಯಿಂದಲೇ ಹಾಲು ಕೊಡುವಂತೆ ಡಾಕ್ಟರಮ್ಮ ಹೇಳಿದರು. ಜ್ವರ ಇಳಿದರೂ ಮಗುವಿನ ಬಾಯಿ ಕಂಡರೆ ನನಗೆ ನಡುಕ ನಿಂತಿರಲಿಲ್ಲ. ಕೊನೆಗೆ ಅದನ್ನೂ ದೊಡ್ಡವ್ವನ ಹತ್ತಿರ ಹೇಳಿಕೊಂಡೆ. ಬೈದಾಳೆಂದು ಕಾದೆ. ಅವಳು ಮಗುವನ್ನು ನನ್ನ ಮಗ್ಗುಲಿಗೆ ಮಲಗಿಸಿ, ‘ಅದ್ಕೂ ನಿನ್ ಕಂಡ್ರೆ ಎದ್ರಿಕೆನೇ. ಎಲ್ಲಿ ಆಲು ಕೊಡದೆ ಓಯ್ತಾಳೋ ಅಂತ. ಒಸಿ ಕುಡ್ಸು. ನೋವಾದ್ರೆ ಬುಡ್ಸಾನ, ಮತ್ತೆ ನೋಡಾನ’ ಎಂದಳು. ಹಾಗೆ ಒಸಿ ಒಸಿಯಾಗಿಯೇ ನನ್ನ ಮಗಳು ಉಳಿದಳು, ನಾನೂ ಉಳಿದೆ.

ಬಲಗಡೆ ಒಂದು ಗುಳಿ ಬಿದ್ದಿದೆ. ಈಗ ಮೊಮ್ಮಕ್ಕಳನ್ನು ಕಂಡಿರುವ ನನಗೆ ಅದರ ನಾಚಿಕೆ ಇಲ್ಲ.

ಆ ಸುದ್ದಿ ಹಬ್ಬಿದ ಮೇಲೆ ಸುತ್ತಲ ಹಳ್ಳಿಯವರು ದೊಡ್ಡವ್ವನನ್ನು ಕರೆಯಲು ಬರತೊಡಗಿದರು. ಅವಳಿಗೆ ಮದ್ದು ಗೊತ್ತಿರಲಿಲ್ಲ, ಮಂತ್ರವೂ ಗೊತ್ತಿರಲಿಲ್ಲ. ಎದೆ ಬಾತುಕೊಂಡ ಹೆಣ್ಣುಮಕ್ಕಳ ಜೊತೆ ಗಾಡಿಯಲ್ಲಿ ಕೂತು ಆಸ್ಪತ್ರೆಗೆ ಹೋಗುವಳು, ನಡುಗುತ್ತಾ ಕೈ ಹಿಡಿದು ನಿಲ್ಲುವಳು. ಒಮ್ಮೆ ತಡವಾಗಿ ಕರೆಸಿದ ಮನೆಯ ಹುಡುಗಿಯೊಬ್ಬಳು ದಾರಿಯಲ್ಲೇ ತೀರಿಕೊಂಡಳು. ಅಂದು ಮನೆಗೆ ಬಂದ ದೊಡ್ಡವ್ವ ಬಹಳ ದಿನ ಹೊಸ್ತಿಲು ದಾಟಲಿಲ್ಲವಂತೆ. ಆದರೂ ಮುಂದಿನ ಗಾಡಿ ಬಂದಾಗ ಹತ್ತಿದಳಂತೆ.

ನಾನು ಎರಡನೆಯ ಬಾರಿ ಬಸುರಿಯಾಗಿ ಕನಕಪುರದಲ್ಲಿದ್ದಾಗ ದೊಡ್ಡವ್ವ ಹೋದಳು. ಯಾವುದೋ ಜ್ವರವಂತೆ. ತುಂಬಿದ ಬಸುರಿ ಸಾವಿನ ಮನೆಗೆ ಹೋಗಬಾರದೆಂದು ನನ್ನನ್ನು ಕಳಿಸಲಿಲ್ಲ.

ಹೆರಿಗೆಗೆ ಮತ್ತೆ ಅದೇ ಮನೆಗೆ ಬಂದೆ. ಗಂಡುಮಗುವಾಯಿತು. ಎದೆಗೆ ಹಾಲು ಇಳಿದ ದಿನ ಹಳೆಯ ದಿಗಿಲೆಲ್ಲ ಒಮ್ಮೆಗೇ ಮೇಲೆದ್ದು ಬಂತು. ಏಳಲೂ ಆಗದೆ, ಕರೆಯಲೂ ಆಗದೆ ಮಲಗಿದ್ದೆ. ಅವ್ವ ಬಂದು ಪಕ್ಕದಲ್ಲಿ ಕೂತಳು. ಕೈ ಬೆಚ್ಚಗೆ ಮಾಡಿಕೊಂಡು ಎರಡೂ ಕಡೆ ನಿಧಾನವಾಗಿ ಮುಟ್ಟಿ ನೋಡಿದಳು.

‘ಮೆತ್ತಗದೆ. ಏನೂ ಇಲ್ಲ ಕಣ್ ಮಗ’ ಎಂದಳು.

ಅಕ್ಕನ ಮಣ್ಣಿನ ದಿನ ಅವ್ವ ಒಂದು ಹನಿ ಕಣ್ಣೀರು ಹಾಕಲಿಲ್ಲವೆಂದು ಊರಿನವರು ಆಡಿಕೊಂಡಿದ್ದರು. ಈಗ ಅವಳೇ ನನ್ನ ಹೊದಿಕೆಯಲ್ಲಿ ಮುಖ ಹುದುಗಿಸಿ ಅಳತೊಡಗಿದಳು. ನಾನು ಮಗುವನ್ನು ಎದೆಗೆ ಹಾಕಿಕೊಂಡೆ, ಇನ್ನೊಂದು ಕೈಯನ್ನು ಅವಳ ಬೆನ್ನ ಮೇಲಿಟ್ಟೆ.